ಬರೆಯದೆ ಉಳಿದ ಹೆಜ್ಜೆ: ಹೆಜ್ಜೆಮೇಳ, ಹಿಪ್‌ಹಾಪ್ ಮತ್ತು ಟೊಂಕದ ಕೀಲು

ಕೆಲವು ವರ್ಷಗಳ ಹಿಂದೆ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಹಿಪ್‌ಹಾಪ್ ಸಂಸ್ಕೃತಿಯನ್ನು ಕುರಿತ ಸಂಶೋಧನ ಗ್ರಂಥಗಳನ್ನು ಹುಡುಕುವ ಪ್ರಸಂಗ ಬಂದಿತು. ನಮ್ಮ ಲಾವಣಿಕಾರರ ಸವಾಲು-ಜವಾಬಿಗೂ ಅಮೆರಿಕದ ಆಫ್ರಿಕನ್ ಮೂಲದ ಯುವಕರ ಹಾಡಿನ ಪೈಪೋಟಿಗೂ ಇರುವ ಹೋಲಿಕೆಯನ್ನು ಪರಿಶೀಲಿಸುವುದು ನನ್ನ ಉದ್ದೇಶವಾಗಿತ್ತು. ಗಣಕಯಂತ್ರಕ್ಕೆ ‘ಹಿಪ್’ ಎಂಬ ಪದವನ್ನಷ್ಟೇ ಕೊಟ್ಟಾಗ ತೆರೆಯ ಮೇಲೆ ಎರಡು ಜಾತಿಯ ಶೀರ್ಷಿಕೆಗಳು ಬೆರೆತು ಬಂದವು. ಒಂದು ನಗರದ ಬೀದಿಯಲ್ಲಿ ಹುಟ್ಟಿದ ಹಾಡು-ಕುಣಿತಗಳ ಅಧ್ಯಯನ. ಇನ್ನೊಂದು ತೊಡೆಮೂಳೆ ಕಿಬ್ಬಟ್ಟೆಯ ಮೂಳೆಗೆ ಕೂಡುವ ಕೀಲಿನ ಅಧ್ಯಯನ. ಇಂಗ್ಲಿಷಿನಲ್ಲಿ ಈ ಎರಡು ‘ಹಿಪ್’ಗಳಿಗೆ ಅರ್ಥಸಂಬಂಧವಿಲ್ಲ. ಮೊದಲನೆಯದು ಕಾಲದ ಮರ್ಮ ಬಲ್ಲವನು ಎಂಬ ಅರ್ಥದ ಆಡುಮಾತು. ಎರಡನೆಯದು ದೇಹದ ಅಂಗ. ಗ್ರಂಥಪಾಲಕರೂ ನಾನೂ ನಕ್ಕು ಸುಮ್ಮನಾದೆವು. ಆದರೆ ಊರಿಗೆ ಮರಳುವ ಬಸ್ಸಿನಲ್ಲಿ ಆ ನಗೆ ಉಳಿಯಲಿಲ್ಲ. ಕುಣಿಯುವವನನ್ನು ಕುರಿತ ಶಾಸ್ತ್ರ ಒಂದು ಕಪಾಟಿನಲ್ಲಿ, ಕುಣಿಯುವ ಕೀಲನ್ನು ಕುರಿತ ಶಾಸ್ತ್ರ ಇನ್ನೊಂದು ಕಪಾಟಿನಲ್ಲಿ ಇರುವುದು ಅಮೆರಿಕದ ಕಥೆ ಮಾತ್ರವೇ? ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಹಾಡು ಸಂಗ್ರಹಿಸುತ್ತ ತಿರುಗಿದ ನನ್ನಂಥವರು ಮಾಡಿದ್ದೂ ಅದೇ ಅಲ್ಲವೇ? ಪ್ರಸ್ತುತ ಲೇಖನ ಈ ಪ್ರಶ್ನೆಯ ಬೆನ್ನುಹತ್ತಿ ಹೊರಟಿದೆ.

ಈ ಸೀಮೆಯ ಪ್ರದರ್ಶನ ಕಲೆಗಳಲ್ಲಿ ಟೊಂಕ ದುಡಿಯದ ಕಲೆಯೇ ಇಲ್ಲವೆನ್ನಬಹುದು. ಬೀರಪ್ಪನ ಭಕ್ತರ ಡೊಳ್ಳಿನ ಮೇಳದಲ್ಲಿ ಹೆಗಲಿನಿಂದ ಇಳಿಬಿದ್ದ ಡೊಳ್ಳಿನ ಭಾರವನ್ನು ಹೊಟ್ಟೆ ಮತ್ತು ಟೊಂಕ ಹೊರುತ್ತವೆ. ಕಲಾವಿದ ಆ ಭಾರದೊಡನೆ ಕುಪ್ಪಳಿಸುತ್ತಾನೆ, ಕೂರುತ್ತಾನೆ, ತಿರುಗುತ್ತಾನೆ. ಪುರವಂತರ ಕುಣಿತ, ದೊಡ್ಡಾಟದ ರಾಕ್ಷಸ ಪಾತ್ರದ ಅಬ್ಬರದ ಪ್ರವೇಶ, ಕೋಲಾಟದ ಬಾಗು ಇವೆಲ್ಲಕ್ಕೂ ಆಧಾರ ಅದೇ. ಮೊಹರಂ ಹಬ್ಬದಲ್ಲಿ ಅಲಾವಿ ಕುಣಿಯ ಸುತ್ತ ನಡೆಯುವ ಹೆಜ್ಜೆಮೇಳವಂತೂ ಹೆಸರಿನಲ್ಲೇ ಕಾಲನ್ನು ಇಟ್ಟುಕೊಂಡಿದೆ. ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದ ತರುಣರು ಸುತ್ತುಗಟ್ಟಿ, ರಿವಾಯತ ಪದಗಳ ಗತಿಗೆ ತಕ್ಕಂತೆ ಹೆಜ್ಜೆ ಬದಲಿಸುತ್ತ, ಕೆಲವು ಊರುಗಳಲ್ಲಿ ಬೆಳಗಿನವರೆಗೆ ಕುಣಿಯುತ್ತಾರೆ. ಕರ್ಬಲಾದ ಶೋಕಕಥೆಯನ್ನು ಹಾಡುವವರಲ್ಲಿ ಬಹುಮಂದಿ ಹಿಂದೂ ಒಕ್ಕಲಿನವರು ಎಂಬುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ತತ್ವಪದಗಳ ಜೊತೆಗೆ ರಿವಾಯತ ಪದಗಳನ್ನೂ ಕಟ್ಟಿದವರು. ಅಂದರೆ ಇಂದು ನಾವು ಕುಳಿತು ಓದುವ ಶರೀಫರ ಕೆಲವು ಪದಗಳು ಮೊದಲಿಗೆ ಕಾಲಿಗಾಗಿ ಹುಟ್ಟಿದಂಥವು.

ನಮ್ಮ ಜಾನಪದ ಸಂಶೋಧನೆಯ ಚರಿತ್ರೆ ಹಾಡನ್ನು ಬರೆದಿಟ್ಟುಕೊಳ್ಳುವ ಚರಿತ್ರೆಯಾಗಿಯೇ ಆರಂಭವಾಯಿತು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಅವರ ಮುಂದಿದ್ದ ಕೆಲಸ ಹಳ್ಳಿಯ ಹೆಣ್ಣುಮಕ್ಕಳ ಹಾಡೂ ಕಾವ್ಯವೆಂದು ತೋರಿಸಿಕೊಡುವುದು. ಆ ಕೆಲಸ ಅಂದು ಅತ್ಯಗತ್ಯವಾಗಿತ್ತು. ಅದನ್ನು ಹಗುರವಾಗಿ ಕಾಣುವ ಧಾರ್ಷ್ಟ್ಯ ನನಗಿಲ್ಲ. ಬಿ.ಎಸ್. ಗದ್ದಗಿಮಠರ ಡಾಕ್ಟರೇಟ್ ಪ್ರಬಂಧದಿಂದ ವಿಶ್ವವಿದ್ಯಾಲಯದ ಬಾಗಿಲು ಈ ಹಾಡುಗಳಿಗೆ ತೆರೆಯಿತು. ಮುಂದೆ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಅಧ್ಯಯನಕ್ಕೆ ಎತ್ತಿಕೊಂಡಾಗ ಪ್ರದರ್ಶನದ ಕಡೆಗೆ ದೃಷ್ಟಿ ಹೊರಳಿತು. ರಹಮತ್ ತರೀಕೆರೆಯವರ ಮೊಹರಂ ಕುರಿತ ಕ್ಷೇತ್ರಕಾರ್ಯ ಆಚರಣೆಯ ಸಾಮಾಜಿಕ ಬೇರುಗಳನ್ನು ತೋರಿಸಿಕೊಟ್ಟಿತು. ಆದರೆ ಈ ಹೊರಳುವಿಕೆ ಸಾಮಾನ್ಯ ಸಂಗ್ರಾಹಕನ ಲೇಖನಿಯನ್ನು ಮುಟ್ಟಿತೆಂದು ಹೇಳಲಾರೆ. ನಮ್ಮ ಸಂಪಾದಿತ ಸಂಕಲನಗಳಲ್ಲಿ ಪಲ್ಲವನ್ನು ಒಮ್ಮೆ ಮುದ್ರಿಸಿ, ಮುಂದಿನ ನುಡಿಗಳ ಕೊನೆಗೆ ಎರಡು ಚುಕ್ಕೆ ಇಟ್ಟು ಬಿಡುವುದು ರೂಢಿ. ಪುನರುಕ್ತಿಯೆಂದು ನಾವು ತೆಗೆದುಹಾಕಿದ ಆ ಪಲ್ಲದಲ್ಲಿಯೇ ಮೇಳ ತಿರುಗುತ್ತದೆ, ಹೆಜ್ಜೆ ಬದಲಾಗುತ್ತದೆ, ಉಸಿರು ಸುಧಾರಿಸಿಕೊಳ್ಳುತ್ತದೆ. ನಾವು ಉಳಿಸಿದ್ದು ಹಾಡುಗಾರನ ಬಾಯಿ; ಚುಕ್ಕೆಯೊಳಗೆ ಹೂತುಹೋದದ್ದು ಅವನ ಕಾಲು. ಹಾನಗಲ್ಲ ಸೀಮೆಯ ವೀರಗಲ್ಲುಗಳನ್ನು ನೋಡುವಾಗಲೂ ನನಗೆ ಇದೇ ನೆನಪಾಗುತ್ತದೆ. ಶಾಸನದ ಪಾಠವನ್ನು ಅಕ್ಷರಕ್ಕೆ ಅಕ್ಷರ ತಿದ್ದುವ ನಾವು, ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರ ಟೊಂಕದ ಬಾಗನ್ನು ಅರ್ಧ ವಾಕ್ಯದಲ್ಲಿ ಮುಗಿಸುತ್ತೇವೆ.

ಹಿಪ್‌ಹಾಪ್ ಅಧ್ಯಯನದ ದಾರಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ ಎಂಬುದು ಕುತೂಹಲದ ಸಂಗತಿ. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು, ಜಮೈಕಾದಿಂದ ವಲಸೆ ಬಂದ ಕುಟುಂಬದ ತರುಣ ಕೂಲ್ ಹರ್ಕ್ ತನ್ನ ತಂಗಿಯ ಸಂತೋಷಕೂಟದಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸಿದ್ದನ್ನು ಈ ಸಂಸ್ಕೃತಿಯ ಹುಟ್ಟೆಂದು ಗುರುತಿಸುವ ವಾಡಿಕೆಯಿದೆ. ಹರ್ಕ್ ಗಮನಿಸಿದ್ದು ಕುಣಿಯುವವರ ಕಾಲನ್ನು. ಹಾಡು ನಿಂತು ಬರೀ ತಾಳ ಉಳಿಯುವ ‘ಬ್ರೇಕ್’ ಬಂದಾಗ ಅವರು ಹುರುಪುಗೊಳ್ಳುವುದನ್ನು ಕಂಡು, ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಲಂಬಿಸಿದ. ಆ ಬ್ರೇಕಿಗೆ ಕುಣಿದವರೇ ಬ್ರೇಕ್ ನರ್ತಕರಾದರು. ಮೊದಲು ಬಂದದ್ದು ದೇಹ. ಪ್ರಾಸಬದ್ಧ ಮಾತು, ಅಂದರೆ ರ‍್ಯಾಪ್, ಮುನ್ನೆಲೆಗೆ ಬಂದದ್ದು ಆಮೇಲೆ. ಆದರೆ ವಿದ್ವತ್ತು ಬೆನ್ನಟ್ಟಿದ್ದು ಮಾತನ್ನು. ಟ್ರಿಷಾ ರೋಸ್ 1994ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ನಾಯ್ಸ್’ ಈ ಕ್ಷೇತ್ರದ ತಳಹದಿಯ ಗ್ರಂಥ. ಅದರಲ್ಲಿ ಗೋಡೆಬರಹ, ಕುಣಿತ, ಹಾಡು ಮೂರನ್ನೂ ಒಂದೇ ಸೌಂದರ್ಯ ದೃಷ್ಟಿಯಿಂದ ನೋಡುವ ಹರಹಿದೆ. ಅನಂತರದ ಬಹುತೇಕ ಚರ್ಚೆ ಹಾಡಿನ ಸಾಹಿತ್ಯ ಮತ್ತು ಅದರ ರಾಜಕೀಯದ ಸುತ್ತ ಬೆಳೆಯಿತು. 2010ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ರ‍್ಯಾಪ್ ಪದಗಳ ಬೃಹತ್ ಸಂಕಲನವನ್ನು ಹೊರತಂದಾಗ, ಕಿವಿಗೆ ತಪ್ಪಾಗಿ ಕೇಳಿಸಿದ ಸಾಲುಗಳು ಹಾಗೆಯೇ ಅಚ್ಚಾಗಿವೆಯೆಂದು ವಿಮರ್ಶಕರು ಆಕ್ಷೇಪಿಸಿದರು. ಪಾಠಾಂತರದ ಈ ಜಗಳ ಓದಿದಾಗ ನಮ್ಮ ಜಾನಪದ ವಿಚಾರಸಂಕಿರಣಗಳಲ್ಲೇ ಕುಳಿತಂತಾಯಿತು! ನರ್ತಕರ ಜೊತೆ ತಾವೂ ಕುಣಿಯಲು ಕಲಿತು ಜೋಸೆಫ್ ಶ್ಲಾಸ್ ಬರೆದ ‘ಫೌಂಡೇಶನ್’ ಬಂದದ್ದು 2009ರಲ್ಲಿ, ಅಂದರೆ ಆ ಸಂತೋಷಕೂಟ ನಡೆದು 36 ವರ್ಷಗಳಾದ ಮೇಲೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹರದೇಶಿ–ನಾಗೇಶಿ ಮೇಳಗಳ ವಾದವನ್ನು ಕೇಳಿದೊಡನೆ “ಇದೇ ನಮ್ಮ ರ‍್ಯಾಪ್” ಎಂದು ಘೋಷಿಸುವ ಉತ್ಸಾಹ ಇತ್ತೀಚೆಗೆ ಹೆಚ್ಚಾಗಿದೆ. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ಇಡೀ ರಾತ್ರಿ ವಾದಿಸುವವರ ಹಿಂದೆ ಪುರಾಣ ಮತ್ತು ಗುರುಪರಂಪರೆ ಇವೆ. ಬ್ರಾಂಕ್ಸ್‌ನ ತರುಣನ ಹಿಂದೆ ಸುಟ್ಟುಹೋದ ಕಟ್ಟಡಗಳು, ವರ್ಣದ್ವೇಷ, ನಿರುದ್ಯೋಗ ಇದ್ದವು. ಹೋಲಿಕೆ ಇರುವುದು ಕಲೆಗಳಿಗಿಂತ ಹೆಚ್ಚಾಗಿ ಅವನ್ನು ಅಧ್ಯಯನ ಮಾಡಿದವರ ದೃಷ್ಟಿಯಲ್ಲಿ ಎಂಬುದು ನನ್ನ ವಾದ. ಬೆಂಗಳೂರಿನ ಅಲೋಕ್, ಚಂದನ್ ಶೆಟ್ಟಿ ಮೊದಲಾದವರಿಂದ ಕನ್ನಡದ ರ‍್ಯಾಪ್ ಹಳ್ಳಿಯ ಮೊಬೈಲುಗಳಿಗೂ ತಲುಪಿದೆಯೆಂಬುದು ನಿಜ. ಅದಕ್ಕಿಂತ ಸ್ವಾರಸ್ಯವಾದದ್ದು ‘ಡಿಜೆ’ ಎಂಬ ಮಾತಿನ ಗತಿ. ಬ್ರಾಂಕ್ಸ್‌ನಲ್ಲಿ ಡಿಜೆ ಒಬ್ಬ ಮನುಷ್ಯ, ಮೇಳದ ನಾಯಕ. ನಮ್ಮ ಗಣಪತಿ ಮೆರವಣಿಗೆಯಲ್ಲಿ ಡಿಜೆ ಎಂದರೆ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳ ರಾಶಿ. ಮನುಷ್ಯ ಕಳಚಿ ಯಂತ್ರ ಉಳಿಯಿತು. ಅದರ ಮುಂದೆ ಡೊಳ್ಳಿನವನ ಪೆಟ್ಟು ಕೇಳಿಸದು.

ಇನ್ನು ಎರಡನೆಯ ‘ಹಿಪ್’ನ ವಿಚಾರ. ಈ ಕೀಲಿಗೆ ಆಡುಗನ್ನಡದಲ್ಲಿ ಖಚಿತವಾದ ಹೆಸರಿಲ್ಲ. ಸೊಂಟ, ಟೊಂಕ, ನಡು ಈ ಮೂರೂ ಬೆನ್ನಿನ ಕೆಳಭಾಗದಿಂದ ತೊಡೆಯ ಬುಡದವರೆಗಿನ ಇಡೀ ಪ್ರದೇಶವನ್ನು ಸೂಚಿಸುತ್ತವೆ. ಚಪ್ಪೆ ಎಂಬ ಮಾತು ಹತ್ತಿರ ಬಂದರೂ ಅದು ಮೂಳೆಯ ಹೆಸರು. ಕೀಲು ಕೆಟ್ಟಾಗ ನೋವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ತೊಡೆಯ ಸಂದಿಯಲ್ಲಿ, ಕೆಲವೊಮ್ಮೆ ಮೊಳಕಾಲಿನಲ್ಲಿ. ಬೆನ್ನೆಲುಬಿನ ತೊಂದರೆಯಿಂದ ಬರುವ ನೋವು ಪೃಷ್ಠದ ಕಡೆಗೆ ಹರಿಯುತ್ತದೆ. ನಮ್ಮ ರೈತ ಎರಡಕ್ಕೂ “ಟ್ವಾಂಕ ಹಿಡದೈತ್ರಿ” ಎಂದೇ ಹೇಳುತ್ತಾನೆ. ಹೀಗಿರುವಾಗ ಪ್ರಶ್ನಾವಳಿ ಹಿಡಿದು ಬಂದವರು ‘ಸೊಂಟನೋವು ಇದೆಯೇ’ ಎಂದು ಕೇಳಿ ಗುರುತು ಹಾಕಿಕೊಂಡರೆ ಆ ಅಂಕಿ ಯಾವ ಕೀಲಿನದು? ಇದು ವೈದ್ಯಕೀಯದ ಪ್ರಶ್ನೆಯಾಗುವ ಮೊದಲು ಭಾಷಾವಿಜ್ಞಾನದ ಪ್ರಶ್ನೆ; ಜಾನಪದ ವಿದ್ವಾಂಸನ ನೆರವು ಬೇಕಾದ ಜಾಗ.

ಕೀಲನ್ನು ಮಾತ್ರ ನೋಡಿದ ಸಂಶೋಧನೆಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹಿರೇಕೆರೂರಿನಿಂದ ಗಡಿ ದಾಟಿ ಶಿಕಾರಿಪುರದ ಮೇಲೆ ಹೋದರೆ ಸಾಗರ ತಾಲ್ಲೂಕಿನ ಹಂದಿಗೋಡು ಸಿಗುತ್ತದೆ. 1970ರ ದಶಕದ ಮಧ್ಯದಲ್ಲಿ ಆ ಊರಿನಲ್ಲೂ ಸುತ್ತಲಿನಲ್ಲೂ ದಲಿತ ಕೃಷಿಕಾರ್ಮಿಕ ಕುಟುಂಬಗಳ ಜನ ಟೊಂಕ ಮತ್ತು ಮೊಳಕಾಲುಗಳ ಕೀಲು ಕೆಟ್ಟು ನಡೆಯಲಾರದೆ ಹೋಗುತ್ತಿದ್ದುದು ಬೆಳಕಿಗೆ ಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಊಹೆ ಕೆಲಕಾಲ ಓಡಾಡಿತು. ಮುಂದಿನ ಅಧ್ಯಯನಗಳು ಇದು ವಂಶವಾಹಿಯಲ್ಲಿ ಬರುವ, ಮೂಳೆಯ ಬೆಳವಣಿಗೆಯ ದೋಷವೆಂದು ಕಂಡುಕೊಂಡವು. ವಿಜ್ಞಾನದ ದೃಷ್ಟಿಯಿಂದ ಇದು ಮುನ್ನಡೆ. ಆದರೆ ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿತು. ಬಾಗಲಾಗದ ಟೊಂಕ ಹೊತ್ತವರು ಗದ್ದೆಯಲ್ಲಿ ಸಸಿ ಹೇಗೆ ನೆಟ್ಟರು, ಹಬ್ಬದ ದಿನ ಎಲ್ಲಿ ನಿಂತರು ಎಂಬುದನ್ನು ಕ್ಷಕಿರಣದ ಚಿತ್ರ ಹೇಳಲಾರದು. ಅದನ್ನು ಕೇಳಬೇಕಾಗಿದ್ದವರು ನಾವು.

ನರ್ತಕರ ಕೀಲುಗಳ ಬಗ್ಗೆ ವೈದ್ಯಶಾಸ್ತ್ರ ಮೌನವಾಗಿಲ್ಲ. ಯುರೋಪಿನ ಬ್ಯಾಲೆ ನರ್ತಕಿಯರ ಟೊಂಕವನ್ನು ಕುರಿತ ಸಾಹಿತ್ಯ ವಿಪುಲವಾಗಿದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಜ್ ಮತ್ತು ಸಹೋದ್ಯೋಗಿಗಳು 2003ರಲ್ಲಿ, ಆಳವಾಗಿ ಬಾಗುವಾಗ ತೊಡೆಮೂಳೆಯ ಕುತ್ತಿಗೆ ಬಟ್ಟಲಿನ ಅಂಚಿಗೆ ತಾಗಿ ತಾಗಿ ಮೆಲ್ಲೆಲುಬು ಸವೆಯುವ ಬಗೆಯನ್ನು ವಿವರಿಸಿದರು. ಜರ್ಮನಿಯ ವೈದ್ಯರು 2009ರಲ್ಲಿ 144 ಮಂದಿ ಬ್ರೇಕ್ ನರ್ತಕರ ಗಾಯಗಳನ್ನು ಅಧ್ಯಯನ ಮಾಡಿದರು. ಡೊಳ್ಳಿನವರನ್ನೂ ಹೆಜ್ಜೆಮೇಳದವರನ್ನೂ ಹೀಗೆ ಎಣಿಕೆಗೆ ತೆಗೆದುಕೊಂಡಾಗ ಮಾತ್ರ ಕೆಲವು ಮಾತುಗಳನ್ನು ಆಡಬಹುದು. ನಮ್ಮ ಕಲಾವಿದ ವರ್ಷದ ಬಹುಕಾಲ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕಳೆ ತೆಗೆಯುವವನು, ಚೀಲ ಹೊರುವವನು. ಕುಣಿತದಿಂದ ಅವನ ಟೊಂಕ ಕೆಟ್ಟಿತೋ, ಕುಣಿತ ಇದ್ದುದರಿಂದಲೇ ಅಷ್ಟು ದಿನ ಬಾಳಿತೋ ಎಂಬುದನ್ನು ಊಹೆಯಿಂದ ತೀರ್ಮಾನಿಸುವುದು ಕಲೆಗೂ ವೈದ್ಯಕ್ಕೂ ಅನ್ಯಾಯ. ಇದು ಬರೀ ಪಾಂಡಿತ್ಯದ ಮಾತೂ ಅಲ್ಲ. ಕಲಾವಿದರ ಮಾಸಾಶನಕ್ಕೆ ವಯಸ್ಸಿನ ಮಿತಿಯಿದೆ. ಹಾಡುಗಾರನ ಗಂಟಲು ಆ ವಯಸ್ಸಿಗೆ ಇನ್ನೂ ಗಟ್ಟಿಯಾಗಿರಬಹುದು, ಕುಣಿಯುವವನ ಕೀಲು ಅದಕ್ಕೆ ಎಷ್ಟೋ ಮೊದಲೇ ನಿವೃತ್ತವಾಗಿರುತ್ತದೆ.

ಈ ಕೆಲಸಕ್ಕೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಗಿಂತ ತಕ್ಕ ಜಾಗವಿಲ್ಲ. 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಅಲ್ಲಿದೆ. ಅಲ್ಲಿಯೇ, ದೊಡ್ಡಾಟದ ಪುನರುಜ್ಜೀವನಕ್ಕೂ ದುಡಿದ ಕಲಾವಿದ ಟಿ.ಬಿ. ಸೊಲಬಕ್ಕನವರ (ನಿಧನ 2020) ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಕುಟ್ಟುವ, ಬೀಸುವ, ಉಳುವ, ಹೊರುವ ಆಳೆತ್ತರದ ಮೂರ್ತಿಗಳನ್ನು ನೋಡುತ್ತ ನಡೆದರೆ, ಉತ್ತರ ಕರ್ನಾಟಕದ ದೇಹದ ನಿಲುವುಗಳ ದಾಖಲೆ ಪುಸ್ತಕಕ್ಕಿಂತ ಸಿಮೆಂಟಿನಲ್ಲಿ ಚೆನ್ನಾಗಿ ಉಳಿದಿದೆಯೆನ್ನಿಸುತ್ತದೆ. ಹೆಜ್ಜೆಯನ್ನು ಬರೆಯಲು ಬಾರದೆಂಬುದು ನೆಪ. ಚಲನೆಯನ್ನು ಸಂಕೇತಗಳಲ್ಲಿ ಬರೆಯುವ ಪದ್ಧತಿಯನ್ನು ರುಡಾಲ್ಫ್ ಲಾಬಾನ್ 1928ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅದು ಬೇಡವೆಂದರೂ ಕ್ಯಾಮರಾ ಇದೆ. ಅದನ್ನು ಮುಖದಿಂದ ಕೆಳಕ್ಕೆ ಇಳಿಸುವ ಮನಸ್ಸು ಬೇಕು.

ಆ ಮನಸ್ಸು ನನಗೂ ಇರಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆದಿದ್ದೇನೆ. ಸವಣೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೆಜ್ಜೆಮೇಳದ ಹಿರಿಯರೊಬ್ಬರಿಂದ ಎರಡು ದಿನ ಕುಳಿತು ರಿವಾಯತ ಪದಗಳನ್ನು ಬರೆದುಕೊಂಡೆ. ನೆಲದ ಮೇಲೆ ಕೂರಲು ಆಗದೆ ಅವರು ಹೊರಸಿನ ಅಂಚಿಗೆ ಒಂದು ಕಾಲು ಚಾಚಿ ಕುಳಿತಿದ್ದರು. ಎರಡನೆಯ ದಿನ ಸಂಜೆ ನಾನು ಪುಸ್ತಕ ಮಡಿಚಿ ಎದ್ದಾಗ, “ಹಾಡ ಬರಕೊಂಡ್ರಿ ಸರ, ಚೊಲೋ ಆತು. ಹೆಜ್ಜಿ ಎಲ್ಲಿ ಬರಕೊಂಡ್ರಿ?” ಎಂದರು. ಉತ್ತರ ಹೊಳೆಯದೆ, “ಅಜ್ಜಾರ, ಒಂದು ಸರತಿ ತೋರಸ್ರಲ್ಲ” ಎಂದೆ. ಅವರು ತಮ್ಮ ಟೊಂಕವನ್ನೊಮ್ಮೆ ಮುಟ್ಟಿಕೊಂಡು ನಕ್ಕರು. ಆಮೇಲೆ ಹೊರಸಿನ ಪಟ್ಟಿಯ ಮೇಲೆ ಬಲಗೈಯ ಎರಡು ಬೆರಳುಗಳನ್ನು ಕಾಲುಗಳಂತೆ ನಿಲ್ಲಿಸಿ, ಪಲ್ಲ ಹಾಡುತ್ತ, ಹೆಜ್ಜೆ ಎಲ್ಲಿ ತಿರುಗುತ್ತದೆ, ಎಲ್ಲಿ ಕೂರುತ್ತದೆ, ಎಲ್ಲಿ ಏಳುತ್ತದೆ ಎಂಬುದನ್ನು ಆ ಬೆರಳುಗಳಲ್ಲೇ ಕುಣಿದು ತೋರಿಸಿದರು. ನನ್ನ ಬಳಿ ಆ ಹೊತ್ತಿನ ಚಿತ್ರಮುದ್ರಣವಿದೆ. ಅದರಲ್ಲಿ ಅವರ ಮುಖ ಮಾತ್ರ ಕಾಣುತ್ತದೆ.