ಪಟ್ಟಿಗೆ ದಕ್ಕದ ಟ್ರಿನಿಡಾಡ್

ಕೆರಿಬಿಯನ್ ದ್ವೀಪಗಳಿಗೆ ಹೊರಟವರ ಕೈಗೆ ಎಲ್ಲಕ್ಕಿಂತ ಮೊದಲು ಸಿಗುವುದು ಒಂದು ಪಟ್ಟಿ: ಇದನ್ನು ತಿನ್ನಿ, ಇದನ್ನು ಕುಡಿಯಿರಿ, ಇದನ್ನು ನೋಡಿ. ಟ್ರಿನಿಡಾಡಿನ ಮಟ್ಟಿಗೆ ಹೇಳುವುದಾದರೆ ಆ ಪಟ್ಟಿಯ ಹೆಸರುಗಳು ಬಹುಪಾಲು ಸರಿಯಾಗಿಯೇ ಇರುತ್ತವೆ. ತಿನ್ನಲು ಡಬಲ್ಸ್, ಕುಡಿಯಲು ರಮ್, ನೋಡಲು ಕಾರ್ನಿವಲ್, ಸಂಜೆ ಕರೋನಿ ಜೌಗಿಗೆ ಮರಳುವ ಕೆಂಪು ಐಬಿಸ್ ಹಕ್ಕಿಗಳ ಹಿಂಡು, ಲಾ ಬ್ರೇಯ ಡಾಂಬರು ಕೆರೆ. ನನ್ನ ತಕರಾರು ಹೆಸರುಗಳ ಬಗ್ಗೆ ಅಲ್ಲ, ಅವುಗಳನ್ನು ಬೇರಿನಿಂದ ಕಿತ್ತು ಮೂರು ಸಾಲಿನಲ್ಲಿ ಜೋಡಿಸುವ ರೀತಿಯ ಬಗ್ಗೆ. ಪ್ರಕೃತಿ ಕೊಟ್ಟದ್ದನ್ನು ಬದಿಗಿಟ್ಟರೆ, ಈ ದ್ವೀಪದಲ್ಲಿ ಮನಸ್ಸಿನಲ್ಲಿ ನಿಲ್ಲುವುದೆಲ್ಲ ದುಡಿಯುವ ಜನ ತಮಗಾಗಿ ಮಾಡಿಕೊಂಡದ್ದು. ಅನೇಕ ಸಲ ಅಧಿಕಾರದ ಅಡ್ಡಿಯನ್ನು ಎದುರಿಸಿ ಮಾಡಿಕೊಂಡದ್ದು. ಮಾಡಿದವರನ್ನು ಮರೆಸಿ, ಮಾಡಿದ್ದನ್ನು ಮಾತ್ರ ಕೊಡುವ ಪಟ್ಟಿ ಪ್ರವಾಸಿಯ ರುಚಿಯನ್ನೇ ಬಡವಾಗಿಸುತ್ತದೆ.

ಡಬಲ್ಸ್ ಇದಕ್ಕೆ ಮೊದಲ ಸಾಕ್ಷಿ. ಅರಿಸಿನ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ಎಣ್ಣೆ ಸವರಿದ ಅಂಗೈಯಲ್ಲಿ ತಟ್ಟಿ ಕರಿದರೆ ಮೆತ್ತಗಿನ ಬಾರಾ ಆಗುತ್ತದೆ. ಅಂಥ ಎರಡು ಬಾರಾಗಳ ಮೇಲೆ ಮಸಾಲೆಯಲ್ಲಿ ಬೆಂದ ಕಾಬೂಲಿ ಕಡಲೆ, ಹುಣಸೆಯ ಗೊಜ್ಜು, ಸೌತೆಕಾಯಿ, ಕುಚೇಲಾ ಎಂಬ ಮಾವಿನ ಉಪ್ಪಿನಕಾಯಿ, ಖಾರದ ಚಟ್ನಿ. ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು. 1936ರ ಸುಮಾರಿಗೆ ಪ್ರಿನ್ಸೆಸ್ ಟೌನಿನಲ್ಲಿ ಡೀನ್ ಕುಟುಂಬ ಇದನ್ನು ಶುರು ಮಾಡಿತೆಂದೂ, ಒಂದೇ ಬಾರಾ ಸಾಲದೆ ಗಿರಾಕಿಗಳು ಎರಡು ಕೇಳಿದ್ದರಿಂದ ಈ ಹೆಸರು ಬಂತೆಂದೂ ಅಲ್ಲಿ ಹೇಳುತ್ತಾರೆ. ಆದರೆ ಇದರ ಬೇರು ಇನ್ನೂ ಹಿಂದಿನದು. 1845ರ ಮೇ 30ರಂದು ಫಾತೆಲ್ ರಜಾಕ್ ಎಂಬ ಹಡಗು ಭಾರತದ ಮೊದಲ ಕರಾರು ಕೂಲಿಗಳನ್ನು ಟ್ರಿನಿಡಾಡಿಗೆ ತಂದಿಳಿಸಿತು. ಗುಲಾಮಗಿರಿ ಕೊನೆಗೊಂಡ ಮೇಲೆ ಕಬ್ಬಿನ ತೋಟಗಳಿಗೆ ಅಗ್ಗದ ಆಳುಗಳು ಬೇಕಾಗಿದ್ದರು. 1917ರ ಹೊತ್ತಿಗೆ ಭಾರತದಿಂದ ಸುಮಾರು 1.4 ಲಕ್ಷ ಜನ ಅಲ್ಲಿಗೆ ಹೋಗಿದ್ದರು. ಡಬಲ್ಸ್ ಅವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಬೀದಿಯ ಊಟ. ಇಂದು ಆಫ್ರಿಕನ್ ಮೂಲದವರು, ಭಾರತೀಯ ಮೂಲದವರು, ಅಧಿಕಾರಿ, ಆಟೊ ಮೆಕಾನಿಕ್ ಎಲ್ಲರೂ ಬೆಳಗಿನ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಟ್ರಿನಿಡಾಡಿನ ರಫ್ತು ಆದಾಯ ಬಹುಮಟ್ಟಿಗೆ ತೈಲ ಮತ್ತು ಅನಿಲದ್ದು. ಹಾಗಾಗಿ ಪ್ರವಾಸಿಯ ನಾಲಿಗೆಗೆ ತಕ್ಕಂತೆ ಖಾರ ಇಳಿಸುವ ಅಗತ್ಯ ಈ ಅಂಗಡಿಗಳಿಗೆ ಬಂದಿಲ್ಲ. ಡಬಲ್ಸಿನ ಹಿರಿಮೆ ಇರುವುದು ಇಲ್ಲಿ: ಅದು ಅತಿಥಿಗಾಗಿ ಮಾಡಿದ ತಿಂಡಿಯಲ್ಲ, ಮನೆಯವರ ತಿಂಡಿ.

ಕುಡಿಯುವುದರ ಸಾಲಿಗೆ ಬಂದರೆ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ, ಎಲ್ಲಕ್ಕಿಂತ ಹೆಚ್ಚು ಮರೆಸುತ್ತದೆ. ರಮ್ಮಿನ ವಯಸ್ಸು, ಪೀಪಾಯಿಯ ಮರ, ಬಣ್ಣ ಎಲ್ಲವನ್ನೂ ಹೇಳುವವರು ಕಬ್ಬು ಕಡಿದವರ ಬಗ್ಗೆ ಹೇಳುವುದಿಲ್ಲ. ಕರೋನಿ ಸಕ್ಕರೆ ಕಂಪನಿಯನ್ನು ಸರ್ಕಾರ 2003ರಲ್ಲಿ ಮುಚ್ಚಿದಾಗ ಸಾವಿರಾರು ಜನರ ಕೆಲಸ ಹೋಯಿತು. ಅದೇ ಹೆಸರಿನ ಹಳೆಯ ರಮ್ ಇಂದು ಸಂಗ್ರಾಹಕರ ಹರಾಜಿನಲ್ಲಿ ದುಬಾರಿ ಬೆಲೆಗೆ ಹೋಗುತ್ತದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ತಿಳಿದವನೇ ಆ ಲೋಟವನ್ನು ಪೂರ್ತಿ ಬಲ್ಲವನು. ಪಟ್ಟಿಯ ಕೊನೆಗೆ ತಳ್ಳಲ್ಪಡುವ ಮನೆಯ ಪಾನೀಯಗಳು ನನ್ನ ಲೆಕ್ಕದಲ್ಲಿ ಮೇಲೆ ಬರಬೇಕು. ಮರದ ತೊಗಟೆ ಕುದಿಸಿ ಸಕ್ಕರೆ ಬೆರೆಸುವ ಮಾಬಿ ಮೊದಲ ಗುಟುಕಿಗೆ ಸಿಹಿ, ಆಮೇಲೆ ಕಹಿ. ಕ್ರಿಸ್‌ಮಸ್ ಹೊತ್ತಿಗೆ ಮನೆಮನೆಯಲ್ಲೂ ಮಾಡುವ ಸಾರೆಲ್ ನಮ್ಮ ಉತ್ತರ ಕರ್ನಾಟಕದ ಪುಂಡಿಯ ಕುಲದ್ದೇ. ನಾವು ಎಲೆಯನ್ನು ಪಲ್ಯ ಮಾಡಿದರೆ ಅವರು ಹೂವಿನ ಕೆಂಪು ತೊಟ್ಟೆಸಳನ್ನು ಕುದಿಸಿ, ಲವಂಗ, ದಾಲ್ಚಿನ್ನಿ ಹಾಕಿ ಕುಡಿಯುತ್ತಾರೆ.

ನೋಡುವ ಸಾಲಿನಲ್ಲೂ ಇದೇ ಕೊರತೆ. ಆಫ್ರಿಕನ್ನರ ಚರ್ಮವಾದ್ಯಗಳ ಮೇಲೆ 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ನಿರ್ಬಂಧ ಹೇರಿತು. ಜನ ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು, ಬಳಿಕ ಬಿಸ್ಕತ್ತಿನ ಡಬ್ಬಗಳನ್ನು ಬಡಿದರು, ಕೊನೆಗೆ ಎಣ್ಣೆಯ ಪೀಪಾಯಿಯ ತಳವನ್ನು ತಗ್ಗಾಗಿ ಬಡಿದು ಸ್ವರ ಹೊರಡಿಸಿದರು. ಹೀಗೆ ಹುಟ್ಟಿದ ಸ್ಟೀಲ್‌ಪ್ಯಾನ್ 1992ರಲ್ಲಿ ದೇಶದ ರಾಷ್ಟ್ರೀಯ ವಾದ್ಯವಾಯಿತು. ಕಾರ್ನಿವಲ್ಲಿನ ಎರಡು ದಿನದ ಮೆರವಣಿಗೆಯನ್ನಷ್ಟೇ ಹೇಳುವ ಪಟ್ಟಿ, ಅದಕ್ಕೂ ಮುನ್ನ ವಾರಗಟ್ಟಲೆ ರಾತ್ರಿ ಸ್ಟೀಲ್‌ಪ್ಯಾನ್ ತಂಡಗಳ ಅಂಗಳಗಳಾದ ಪ್ಯಾನ್‌ಯಾರ್ಡುಗಳಲ್ಲಿ ನಡೆಯುವ ಅಭ್ಯಾಸವನ್ನು ಕೈಬಿಡುತ್ತದೆ. ವಾಟರ್‌ಲೂ ಹಳ್ಳಿಯ ಕಡಲ ದೇವಾಲಯದ ಕತೆಯೂ ಇಂಥದ್ದೇ. ಶಿವದಾಸ ಸಾಧು ಎಂಬ ಕೂಲಿ 1947ರಲ್ಲಿ ತೀರದಲ್ಲಿ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದಾಗಿತ್ತು. 1952ರಲ್ಲಿ ಗುಡಿಯನ್ನು ಕೆಡವಿದರು, ಸಾಧುವನ್ನು ಜೈಲಿಗೆ ಹಾಕಿದರು. ನೆಲ ಸಿಗದಿದ್ದರೆ ಕಡಲಾದರೂ ಸರಿ ಎಂದು ಅವರು ಸೈಕಲ್ಲಿನಲ್ಲಿ ಕಲ್ಲು, ಸಿಮೆಂಟು ಹೇರಿ ವರ್ಷಗಟ್ಟಲೆ ನೀರಿನೊಳಗೆ ದಾರಿ ತುಂಬಿ ಗುಡಿ ಕಟ್ಟಿದರು. ಶಿಥಿಲವಾಗಿದ್ದ ಅದನ್ನು 1995ರಲ್ಲಿ, ಭಾರತೀಯರು ಬಂದು 150 ವರ್ಷವಾದ ನೆನಪಿಗೆ, ಮತ್ತೆ ಕಟ್ಟಲಾಯಿತು. ಹತ್ತಿರದ ಕರಪಿಚೈಮಾದಲ್ಲಿ 85 ಅಡಿಯ ಹನುಮಂತನ ಮೂರ್ತಿ ಇದೆ. 2003ರಲ್ಲಿ ಅದನ್ನು ನಿಲ್ಲಿಸಿದವರು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತ ಪೀಠದವರು. ಕನ್ನಡಿಗರಿಗೆ ಅಲ್ಲಿ ಹೆಮ್ಮೆಯೆನಿಸುವುದು ಸಹಜ. ಆದರೆ ಎರಡನ್ನೂ ತೂಗಿದರೆ, ಸೈಕಲ್ಲಿನಲ್ಲಿ ಹೊತ್ತ ಕಲ್ಲಿನ ಮೇಲೆ ಎದ್ದ ಆ ಪುಟ್ಟ ಗುಡಿಯೇ ದ್ವೀಪವನ್ನು ಹೆಚ್ಚು ಹೇಳುತ್ತದೆ.

ರಜೆಯಲ್ಲಿ ಹೋದವರ ಮೇಲೆ ಇತಿಹಾಸದ ಹೊರೆ ಯಾಕೆ ಎಂದು ಕೇಳಬಹುದು. ವಿಶ್ರಾಂತಿ ನ್ಯಾಯವಾದ ಬಯಕೆ. ಅದಷ್ಟೇ ಬೇಕಿದ್ದವರಿಗೆ ಪಕ್ಕದ ಟೊಬೇಗೋದ ಪಿಜನ್ ಪಾಯಿಂಟಿನ ತಿಳಿನೀರು ಸಾಕು. ಇಲ್ಲಿ ಕೇಳುತ್ತಿರುವುದು ಉಪನ್ಯಾಸವನ್ನಲ್ಲ, ಪ್ರತಿ ಹೆಸರಿನ ಪಕ್ಕ ಒಂದೆರಡು ವಾಕ್ಯವನ್ನು. ಮಾಡಿದವರ ಹೆಸರು ತಿಳಿದರೆ ಕಡಲೆಯ ರುಚಿ ಕೆಡುವುದಿಲ್ಲ. ಬಡವರ ಕಷ್ಟವನ್ನೇ ಪ್ರದರ್ಶನಕ್ಕಿಟ್ಟಂತಾಗುವುದಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಕಷ್ಟವೊಂದನ್ನೇ ಹೇಳಿದರೆ ಹಾಗಾದೀತು. ಆದರೆ ಸ್ಟೀಲ್‌ಪ್ಯಾನಾಗಲಿ ಕಡಲ ಗುಡಿಯಾಗಲಿ ಹೇಳುವುದು ಕಷ್ಟಕ್ಕೆ ಜನ ಕೊಟ್ಟ ಉತ್ತರವನ್ನು. ಉತ್ತರವನ್ನು ಮರೆಸಿ ಬರಿಯ ಬಣ್ಣ, ಸದ್ದುಗಳನ್ನು ಮಾರುವುದರಲ್ಲೇ ಹೆಚ್ಚಿನ ಅಗೌರವವಿದೆ.

ಭಾರತದಿಂದ ಹೋಗುವವರು ಬೀಳಬಹುದಾದ ಗುಂಡಿ ಬೇರೆಯದು: ಎಲ್ಲವನ್ನೂ ‘ನಮ್ಮದೇ’ ಎಂದುಕೊಂಡು, ನಮ್ಮ ಪೂರಿಯ ಜೊತೆ ಬಾರಾವನ್ನು ಅಳೆದು ಕೊರತೆ ಹುಡುಕುವುದು. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ 1992ರ ತಮ್ಮ ನೊಬೆಲ್ ಉಪನ್ಯಾಸವನ್ನು ಟ್ರಿನಿಡಾಡಿನ ಫೆಲಿಸಿಟಿ ಹಳ್ಳಿಯ ರಾಮಲೀಲೆಯಿಂದಲೇ ಆರಂಭಿಸಿದರು. ತಾವು ಅದನ್ನು ಬರಿಯ ನಾಟಕವೆಂದು, ಕಳೆದುಹೋದುದರ ನೆರಳೆಂದು ಭಾವಿಸಿದ್ದು ತಪ್ಪೆಂದೂ, ಆಡುವವರಿಗೆ ಅದು ಜೀವಂತ ನಂಬಿಕೆಯೆಂದೂ ಅವರು ಒಪ್ಪಿಕೊಂಡರು. ಅಡುಗೆಗೂ ಇದೇ ಮಾತು. ಡಬಲ್ಸಿಗೆ ಬೀಳುವ ಕಾಡುಕೊತ್ತಂಬರಿಯಂಥ ಶ್ಯಾಡೊ ಬೆನಿ ಸೊಪ್ಪು ಅಮೆರಿಕ ಖಂಡದ್ದು. ಡಬಲ್ಸಿನ ಖಾರಕ್ಕೆ ಬಳಸುವ ಮೆಣಸಿನಕಾಯಿಯೂ ಅಲ್ಲಿಯದೇ. ಅದು ಭಾರತದ ತಿಂಡಿಯ ನಕಲಲ್ಲ, ಟ್ರಿನಿಡಾಡಿನ ಸ್ವಂತ ಸೃಷ್ಟಿ.

ಹಾಗಾಗಿ ಪಟ್ಟಿಯನ್ನು ಹರಿದು ಹಾಕಬೇಕಿಲ್ಲ, ತಿದ್ದಿದರೆ ಸಾಕು. ಬೆಳಿಗ್ಗೆ ಸ್ಥಳೀಯರ ಸಾಲಿನಲ್ಲಿ ನಿಂತು ಡಬಲ್ಸ್ ತಿನ್ನಿ. ಸಸ್ಯಾಹಾರಿಗಳೂ ನಿಶ್ಚಿಂತೆಯಿಂದ ತಿನ್ನಬಹುದು. ಮಧ್ಯಾಹ್ನ ವಾಟರ್‌ಲೂ ತೀರಕ್ಕೆ ಹೋಗಿ, ರಾತ್ರಿ ಒಂದು ಪ್ಯಾನ್‌ಯಾರ್ಡಿನ ಅಂಚಿನಲ್ಲಿ ನಿಂತು ಕೇಳಿ. ರಮ್, ಕಡಲತೀರ, ಹಕ್ಕಿಗಳು ಅದರ ಮೇಲೆ ಬರಲಿ. ಎಲ್ಲಿ ಹೋದರೂ ಇದನ್ನು ಮಾಡಿದವರು ಯಾರು ಎಂದು ಒಮ್ಮೆ ಕೇಳಿ. ಟ್ರಿನಿಡಾಡಿನಲ್ಲಿ ಹೇಳುವವರಿಗೆ ಬರವಿಲ್ಲ.