ಇಳುವರಿ ಮತ್ತು ಶುದ್ಧಿ: ಮಾಟುಂಗಾದ ರಸಾಯನ ತಂತ್ರವಿಜ್ಞಾನ ವಿಭಾಗದ ಒಂದು ಪರಾಮರ್ಶೆ

ವಿಶ್ವವಿದ್ಯಾನಿಲಯದ ವಿಭಾಗವೊಂದು ಎಷ್ಟು ಕೆಲಸ ಮಾಡಿದೆ ಎಂಬುದು ಒಂದು ಪ್ರಶ್ನೆ. ಆ ಕೆಲಸ ಎಂಥದು ಎಂಬುದು ಇನ್ನೊಂದು. ಈ ಎರಡನ್ನೂ ಒಂದೇ ಅಂಕೆಯಲ್ಲಿ ಅಡಕಗೊಳಿಸಿ ಉತ್ತರಿಸುವ ರೂಢಿ ಕಳೆದ ಕೆಲವು ದಶಕಗಳಲ್ಲಿ ಪ್ರಬಲವಾಗಿದೆ. ತಂತ್ರವಿಜ್ಞಾನದ ವಿಭಾಗಗಳ ಮಟ್ಟಿಗಂತೂ ಈ ರೂಢಿ ವಿಚಿತ್ರವೆಂದೇ ಹೇಳಬೇಕು. ಏಕೆಂದರೆ ರಸಾಯನ ಪ್ರಯೋಗಶಾಲೆಗೆ ಕಾಲಿಟ್ಟ ವಿದ್ಯಾರ್ಥಿಯು ಮೊದಲು ಕಲಿಯುವ ವಿವೇಕವೇ ಇಳುವರಿ ಬೇರೆ, ಶುದ್ಧಿ ಬೇರೆ ಎಂಬುದು. ಪ್ರತಿಕ್ರಿಯೆಯಿಂದ ಎಷ್ಟು ಪದಾರ್ಥ ದೊರೆಯಿತೆಂಬುದನ್ನು ತಕ್ಕಡಿ ಹೇಳುತ್ತದೆ. ದೊರೆತದ್ದು ಏನೆಂಬುದನ್ನು ಹೇಳಲು ಬೇರೆಯೇ ಪರೀಕ್ಷೆ ಬೇಕು. ಕೈಗಾರಿಕೆಯಲ್ಲಿ ಮೂರನೆಯ ಲೆಕ್ಕವೂ ಉಂಟು: ಪದಾರ್ಥದ ಜೊತೆಗೆ ಹೊರಬಿದ್ದ ಕಶ್ಮಲವೆಷ್ಟು, ಅದು ಎಲ್ಲಿಗೆ ಹೋಯಿತು ಎಂಬುದು. ತನ್ನ ಶಿಷ್ಯರಿಗೆ ಈ ಮೂರು ಲೆಕ್ಕಗಳನ್ನೂ ಕಲಿಸುವ ವಿಭಾಗವನ್ನು ಕೇವಲ ತಕ್ಕಡಿಯಿಂದ ತೂಗುವುದು ನ್ಯಾಯವೇ?

ಈ ವಿಚಾರವನ್ನು ಪರೀಕ್ಷಿಸಲು ಮುಂಬಯಿ ವಿಶ್ವವಿದ್ಯಾನಿಲಯದ ರಸಾಯನ ತಂತ್ರವಿಜ್ಞಾನ ವಿಭಾಗಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಮುಂಬಯಿಯ ಕನ್ನಡಿಗರಿಗೆ ಮಾಟುಂಗಾ ಎಂದೊಡನೆ ಮೈಸೂರು ಅಸೋಸಿಯೇಷನ್ನಿನ ಸಭಾಂಗಣವೂ ಉಡುಪಿ ಹೋಟೆಲುಗಳೂ ನೆನಪಾಗುವುದು ಸಹಜ. ಅದೇ ಮಾಟುಂಗಾದಲ್ಲಿ ನೆಲೆಗೊಂಡ ಈ ವಿದ್ಯಾಸಂಸ್ಥೆಯ ಚರಿತ್ರೆಯೂ ಅವರಿಗೆ ತೀರ ಅನ್ಯವಾದುದಲ್ಲ. 1921ರಲ್ಲಿ ಅಂದಿನ ಉಪಕುಲಪತಿ ಸರ್ ಚಿಮನ್‌ಲಾಲ್ ಸೆಟಲ್‌ವಾಡರ ಸೂಚನೆಯಂತೆ, ಪ್ರಾಂತದ ಕೈಗಾರಿಕೆಗಳಿಗೆ ವಿಶ್ವವಿದ್ಯಾನಿಲಯ ಹೇಗೆ ನೆರವಾಗಬಹುದೆಂದು ಆಲೋಚಿಸಲು ಏರ್ಪಟ್ಟ ಸಮಿತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಇದ್ದರು. 1933ರ ಅಕ್ಟೋಬರ್ 1ರಂದು ವಿಭಾಗ ಆರಂಭವಾದಾಗ ಉಪಕುಲಪತಿಗಳಾಗಿದ್ದವರು ವಿಠ್ಠಲ ನಾರಾಯಣ ಚಂದಾವರಕರರು. ಅವರ ತಂದೆ ಸರ್ ನಾರಾಯಣ ಗಣೇಶ ಚಂದಾವರಕರರು ಹೊನ್ನಾವರದಲ್ಲಿ ಜನಿಸಿದವರು. ಧಾರವಾಡದ ಕರ್ನಾಟಕ ಕಾಲೇಜು ಆಗ ಮುಂಬಯಿ ವಿಶ್ವವಿದ್ಯಾನಿಲಯಕ್ಕೇ ಸೇರಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಉತ್ತರ ಕರ್ನಾಟಕದ ವಿಜ್ಞಾನ ವಿದ್ಯಾರ್ಥಿಗೆ ಮಾಟುಂಗಾದ ವಿಭಾಗ ತನ್ನ ವಿಶ್ವವಿದ್ಯಾನಿಲಯದ್ದೇ ವಿಭಾಗವಾಗಿದ್ದಿತು.

ವಿಭಾಗ ಹುಟ್ಟಿದ ಉದ್ದೇಶ ಸ್ಪಷ್ಟವಾಗಿತ್ತು. ಮುಂಬಯಿ ಬಟ್ಟೆ ಗಿರಣಿಗಳ ನಗರ. ಗಿರಣಿಗೆ ನೂಲು ಮಾತ್ರ ಸಾಲದು, ಬಣ್ಣವೂ ಬೇಕು, ಬಿಳುಪುಕಾರಕವೂ ಬೇಕು, ಅವುಗಳನ್ನು ಅರಿತು ಬಳಸಬಲ್ಲ ತಂತ್ರಜ್ಞರೂ ಬೇಕು. ಆದುದರಿಂದಲೇ ಜವಳಿ ರಸಾಯನ ಮತ್ತು ರಸಾಯನ ಎಂಜಿನಿಯರಿಂಗ್ ಎಂಬ ಎರಡು ಶಾಖೆಗಳೊಡನೆ, ಪ್ರೊ. ಆರ್. ಬಿ. ಫಾರ್ಸ್ಟರರ ಮುಖ್ಯಸ್ಥಿಕೆಯಲ್ಲಿ ವಿಭಾಗ ತನ್ನ ಕಾರ್ಯವನ್ನು ಆರಂಭಿಸಿತು. ಹುಟ್ಟಿದ ಉದ್ದೇಶವನ್ನೇ ಅಳತೆಗೋಲಾಗಿ ಹಿಡಿದರೆ ಇಂದು ಆ ವಿಭಾಗ ವಿಫಲವೆನಿಸಬೇಕಾಗುತ್ತದೆ. 1982ರ ಜನವರಿಯಲ್ಲಿ ಆರಂಭವಾದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹೊಗೆಕೊಳವೆಗಳಿದ್ದೆಡೆಯಲ್ಲಿ ಗಗನಚುಂಬಿ ಕಟ್ಟಡಗಳೆದ್ದವು. ಆದರೆ ವಿಭಾಗ ಉಳಿಯಿತು, ಬೆಳೆಯಿತು. ಗಿರಣಿಗೆಂದು ಕಲಿಸಿದ ವಿದ್ಯೆ ಬಣ್ಣ, ಔಷಧ, ಪಾಲಿಮರ್, ಆಹಾರ, ಪೆಟ್ರೋರಸಾಯನಗಳತ್ತ ಹರಡಿತು. ಒಂದು ಕೈಗಾರಿಕೆಗಾಗಿ ಹುಟ್ಟಿ, ಆ ಕೈಗಾರಿಕೆ ಅಳಿದ ಮೇಲೂ ಉಪಯುಕ್ತವಾಗಿ ಉಳಿಯುವ ಶಕ್ತಿ ಮೂಲವಿಜ್ಞಾನದ ತಳಹದಿಯಿಂದ ಬರತಕ್ಕದ್ದು. ಗಿರಣಿಯ ಅಂದಂದಿನ ಬೇಡಿಕೆಗೆ ಮಾತ್ರ ಕಿವಿಗೊಟ್ಟಿದ್ದರೆ ವಿಭಾಗವೂ ಗಿರಣಿಯ ಜೊತೆಗೇ ಮುಗಿದುಹೋಗುತ್ತಿತ್ತು. ಯಾವ ವಾರ್ಷಿಕ ವರದಿಯ ಅಂಕಣದಲ್ಲಿಯೂ ಈ ಗುಣಕ್ಕೆ ಸ್ಥಳವಿಲ್ಲ ಎಂಬುದು ಗಮನಾರ್ಹ.

ತಳಹದಿಯನ್ನು ಹಾಕಿದವರಲ್ಲಿ ಅಗ್ರಗಣ್ಯರು ಪ್ರೊ. ಕೆ. ವೆಂಕಟರಾಮನ್. 1938ರಿಂದ 1957ರವರೆಗೆ ಅವರು ವಿಭಾಗದ ನಿರ್ದೇಶಕರಾಗಿದ್ದರು. ಬಳಿಕ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಪ್ರಥಮ ಭಾರತೀಯ ನಿರ್ದೇಶಕರಾದರು. ಕೃತಕ ವರ್ಣದ್ರವ್ಯಗಳ ರಸಾಯನವನ್ನು ಕುರಿತ ಅವರ ಬೃಹದ್ಗ್ರಂಥದ ಮೊದಲ ಎರಡು ಸಂಪುಟಗಳು 1952ರಲ್ಲಿ ಪ್ರಕಟವಾದವು; ಅನೇಕ ದೇಶಗಳ ವಿದ್ವಾಂಸರ ಸಹಕಾರದಿಂದ ಅದು ಮುಂದುವರಿದು 1978ರಲ್ಲಿ ಎಂಟನೆಯ ಸಂಪುಟವನ್ನು ಕಂಡಿತು. ವರ್ಣರಸಾಯನವೆಂಬುದು ಅಲ್ಲಿಯವರೆಗೆ ಜರ್ಮನಿ, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್‌ಗಳ ಕಾರ್ಖಾನೆಗಳು ಗುಟ್ಟಾಗಿ ಕಾಪಾಡಿಕೊಂಡು ಬಂದ ವಿದ್ಯೆ. ಪೇಟೆಂಟುಗಳಲ್ಲಿಯೂ ವರದಿಗಳಲ್ಲಿಯೂ ಚದುರಿಹೋಗಿದ್ದ ಆ ವಿದ್ಯೆಯನ್ನು ಮುಂಬಯಿಯ ಅಧ್ಯಾಪಕರೊಬ್ಬರು ಕಲೆಹಾಕಿ, ವಿಂಗಡಿಸಿ, ಜಗತ್ತಿನ ವಿದ್ಯಾರ್ಥಿಗಳಿಗೆ ತೆರೆದಿಟ್ಟರು. ಇಂದಿನ ವಾರ್ಷಿಕ ಪರಿಶೀಲನೆಯ ಕಣ್ಣಿಗೆ ಇದು ಒಂದು ವರ್ಷದ ಒಂದು ನಮೂದು. ನಿರ್ದೇಶಕ ಪದವಿಗೂ ಗ್ರಂಥ ಪ್ರಕಟಣೆಗೂ ನಡುವೆ 14 ವರ್ಷಗಳಿವೆ. ಅಷ್ಟು ದೀರ್ಘವಾದ ವ್ಯಾಸಂಗಕ್ಕೆ ಅವಕಾಶ ಕೊಡುವ ತಾಳ್ಮೆ ಇಂದಿನ ಯಾವ ವಿಭಾಗಕ್ಕಿದೆ ಎಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಎಣಿಕೆಯ ಪದ್ಧತಿ ಹೇಗೆ ಬೆಳೆಯಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ನೋಡಬಹುದು. ಪ್ರಬಂಧಗಳನ್ನು ಅವುಗಳಿಗೆ ದೊರೆತ ಉಲ್ಲೇಖಗಳ ಮೂಲಕ ಹುಡುಕುವ ಸೂಚಿಯ ಕಲ್ಪನೆಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮಂಡಿಸಿದರು. ಅದು ಗ್ರಂಥಾಲಯದ ಅನುಕೂಲಕ್ಕಾಗಿ ಹುಟ್ಟಿದ ಉಪಕರಣ; ಕ್ರಮೇಣ ಅದೇ ವಿದ್ವತ್ತಿನ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಎಚ್-ಸೂಚ್ಯಂಕವನ್ನು ಸೂಚಿಸಿದರು: ಒಬ್ಬ ವಿದ್ವಾಂಸನ ಎಷ್ಟು ಪ್ರಬಂಧಗಳಿಗೆ ತಲಾ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖಗಳು ದೊರೆತಿವೆಯೋ ಅದೇ ಅವನ ಅಂಕ. ಇದರ ನ್ಯೂನತೆಯನ್ನು ಕಾಣಲು ಒಂದು ಉದಾಹರಣೆ ಸಾಕು. ಒಬ್ಬ ಅಧ್ಯಾಪಕ 60 ಸಣ್ಣ ಪ್ರಬಂಧಗಳನ್ನು ಬರೆದು ಒಂದೊಂದಕ್ಕೂ 5 ಉಲ್ಲೇಖಗಳನ್ನು ಪಡೆದರೆ ಆತನ ಅಂಕ 5. ಮತ್ತೊಬ್ಬ ಕೇವಲ 3 ಪ್ರಬಂಧಗಳನ್ನು ಬರೆದು, ಒಂದೊಂದಕ್ಕೂ 1000 ಉಲ್ಲೇಖಗಳು ದೊರೆತರೂ ಆತನ ಅಂಕ 3. ಮೊದಲಿನವನ ಒಟ್ಟು ಉಲ್ಲೇಖಗಳು 300, ಎರಡನೆಯವನವು 3000. ಆದರೂ ಪಟ್ಟಿಯಲ್ಲಿ ಮೊದಲಿನವನೇ ಮೇಲೆ.

ಅಳತೆ ತಪ್ಪಾದರೆ ಅಳೆಯಲ್ಪಡುವವರ ನಡತೆಯೂ ಬದಲಾಗುತ್ತದೆ. 2010ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಅಧ್ಯಾಪಕರ ನೇಮಕಾತಿಗೂ ಬಡ್ತಿಗೂ ಅಂಕಗಳ ಪದ್ಧತಿಯನ್ನು ತಂದಿತು. ಅಂಕಗಳು ಬೇಕಾದ ಮೇಲೆ ಅಂಕ ಕೊಡಿಸುವ ಪತ್ರಿಕೆಗಳೂ ಹುಟ್ಟಿದವು. 2018ರ ಮೇ ತಿಂಗಳಲ್ಲಿ ಆಯೋಗವೇ ತಾನು ಅಂಗೀಕರಿಸಿದ್ದ ಪಟ್ಟಿಯಿಂದ 4305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. 2019ರಲ್ಲಿ ರಚಿಸಿದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಕಲಬೆರಕೆಯನ್ನು ತಡೆಯಲು ನೇಮಿಸಿದ ತಕ್ಕಡಿಯೇ ಕಲಬೆರಕೆಗೆ ಕಾರಣವಾದುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷ್ಯ ಬೇಕಿಲ್ಲ.

ತಂತ್ರವಿಜ್ಞಾನದ ವಿಭಾಗಕ್ಕೆ ಇನ್ನೊಂದು ವಿಶೇಷ ತೊಡಕುಂಟು. ಅದರ ಉತ್ತಮ ಕೆಲಸದ ಬಹುಭಾಗ ಪ್ರಕಟವಾಗತಕ್ಕದ್ದೇ ಅಲ್ಲ. ಕಾರ್ಖಾನೆಯೊಂದರ ಸ್ಥಾವರದಲ್ಲಿ ಅನಿಲ ದ್ರವದೊಳಗೆ ಸರಿಯಾಗಿ ಕರಗುತ್ತಿಲ್ಲವೆಂದು ಬಂದ ಪ್ರಶ್ನೆಯನ್ನು ಅಧ್ಯಾಪಕ ಬಿಡಿಸಿಕೊಟ್ಟರೆ ಅದು ಒಪ್ಪಂದದ ಗುಟ್ಟಾಗಿ ಉಳಿಯುತ್ತದೆ. 1970ರ ಪೇಟೆಂಟ್ ಶಾಸನ 1972ರಲ್ಲಿ ಜಾರಿಗೆ ಬಂದ ಮೇಲೆ ಔಷಧಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟ್ ಇಲ್ಲ, ತಯಾರಿಸುವ ಕ್ರಮಕ್ಕೆ ಮಾತ್ರ ಉಂಟು ಎಂಬ ಸ್ಥಿತಿ 2005ರವರೆಗೆ ನಡೆಯಿತು. ಒಂದೇ ಔಷಧವನ್ನು ಬೇರೊಂದು ಮಾರ್ಗದಿಂದ, ಕಡಮೆ ವೆಚ್ಚದಲ್ಲಿ ತಯಾರಿಸಬಲ್ಲ ರಸಾಯನ ತಂತ್ರಜ್ಞನಿಗೆ ಆ ಅವಧಿಯಲ್ಲಿ ಅಪಾರ ಬೆಲೆ ಬಂದಿತು. 1984ರಲ್ಲಿ ಹೈದರಾಬಾದಿನಲ್ಲಿ ಔಷಧ ಸಂಸ್ಥೆಯನ್ನು ಸ್ಥಾಪಿಸಿದ ಡಾ. ಅಂಜಿ ರೆಡ್ಡಿಯವರು ಮಾಟುಂಗಾದ ವಿದ್ಯಾರ್ಥಿ. ಕೀಟನಾಶಕಗಳ ಕ್ಷೇತ್ರದಲ್ಲಿ ಹೆಸರಾದ ಕೇಕಿ ಘರ್ಡಾ ಅವರೂ ಅಲ್ಲಿಯವರೇ. ಬಡರೋಗಿಯ ಕೈಗೆ ಎಟುಕುವ ಬೆಲೆಯಲ್ಲಿ ಮಾತ್ರೆ ದೊರೆತುದರಲ್ಲಿ ಇಂಥ ವಿಭಾಗಗಳ ಪಾಲೆಷ್ಟೆಂಬುದನ್ನು ಉಲ್ಲೇಖಗಳ ಸೂಚಿ ಹೇಳಲಾರದು.

ಆದರೆ ಇಲ್ಲಿಗೆ ನಿಂತು, ಪ್ರಖ್ಯಾತ ಶಿಷ್ಯರ ಹೆಸರುಗಳನ್ನು ಪಠಿಸಿ ವಿಭಾಗಕ್ಕೆ ಮಂಗಳಾರತಿ ಎತ್ತುವುದು ಕೂಡ ವಿಮರ್ಶೆಯಲ್ಲ. ಮುಖೇಶ ಅಂಬಾನಿಯವರು ಈ ವಿಭಾಗದ ಪದವೀಧರರೆಂಬುದನ್ನು ಅಭಿಮಾನದಿಂದ ಹೇಳಲಾಗುತ್ತದೆ. ತಂದೆ ಕಟ್ಟಿದ ಉದ್ಯಮಸಾಮ್ರಾಜ್ಯವನ್ನು ಬೆಳೆಸಿದ ಯಶಸ್ಸನ್ನು ರಸಾಯನ ಎಂಜಿನಿಯರಿಂಗಿನ ಪಾಠಕ್ಕೆ ಜಮೆ ಮಾಡುವುದು ಹೇಗೆ? ಕಠಿಣವಾದ ಆಯ್ಕೆಯಿಂದ ಪ್ರತಿಭಾವಂತರನ್ನೇ ಒಳಗೆ ಕರೆದುಕೊಂಡು, ಅವರು ಪ್ರತಿಭಾವಂತರಾಗಿಯೇ ಹೊರಬಂದರೆಂದು ಹೆಮ್ಮೆಪಡುವುದರಲ್ಲಿ ತರ್ಕದೋಷವಿದೆ. ವಿದ್ಯಾರ್ಥಿ ಬಂದಾಗ ಇದ್ದುದಕ್ಕೂ ಹೋಗುವಾಗ ಆದುದಕ್ಕೂ ಇರುವ ಅಂತರವೇ ಬೋಧನೆಯ ಬೆಲೆ. ಆ ದೃಷ್ಟಿಯಿಂದ ನೋಡಿದಾಗ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಬೇರೊಂದು ಪರಂಪರೆ. ಇಲ್ಲಿಯೇ ಓದಿದ ಎಂ. ಎಂ. ಶರ್ಮಾ ಅವರು ಕೇಂಬ್ರಿಜ್ಜಿನಲ್ಲಿ ಡ್ಯಾಂಕ್‌ವರ್ಟ್ಸರ ಬಳಿ ಸಂಶೋಧನೆ ಮುಗಿಸಿ, 1964ರಲ್ಲಿ 27ನೆಯ ವಯಸ್ಸಿಗೇ ಪ್ರಾಧ್ಯಾಪಕರಾಗಿ ಹಿಂತಿರುಗಿದರು; 1990ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಪಡೆದರು. ಗೋವೆಯ ಮಾಶೆಲದಿಂದ ಬಂದು ಮುಂಬಯಿಯಲ್ಲಿ ಕಡುಬಡತನದಲ್ಲಿ ಬೆಳೆದ ರಘುನಾಥ ಮಾಶೇಲಕರರು ಶರ್ಮಾ ಅವರ ಶಿಷ್ಯರಾಗಿ 1969ರಲ್ಲಿ ಡಾಕ್ಟರೇಟ್ ಪಡೆದು, 1998ರಲ್ಲಿ ಅದೇ ರಾಯಲ್ ಸೊಸೈಟಿಯನ್ನು ಸೇರಿದರು. ಪುಣೆಯ ರಾಷ್ಟ್ರೀಯ ಪ್ರಯೋಗಾಲಯದ ನಿರ್ದೇಶಕರಾದ ವೆಂಕಟರಾಮನ್, ಬಿ. ಡಿ. ತಿಲಕ್, ಮಾಶೇಲಕರ್ ಮೂವರೂ ಮಾಟುಂಗಾದ ಸಂಬಂಧವುಳ್ಳವರು. ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ ವಿದ್ಯೆ ಕುಂದದೆ ಹರಿದುದೇ ವಿಭಾಗದ ಶುದ್ಧಿಗೆ ಪ್ರಮಾಣ.

ಇನ್ನು ಮೂರನೆಯ ಲೆಕ್ಕ. ಮುಂಬಯಿಯ ಸುತ್ತಲಿನ ಅಂಬರನಾಥ, ಡೊಂಬಿವಲಿ, ಠಾಣೆ-ಬೇಲಾಪುರ ಪ್ರದೇಶಗಳಲ್ಲಿ ರಾಸಾಯನಿಕ ಕಾರ್ಖಾನೆಗಳು ಬೆಳೆದಂತೆ ಅಲ್ಲಿಯ ತೊರೆಗಳ ಬಣ್ಣವೂ ಬದಲಾಯಿತು. ಕೆಲವು ಆಜೋ ವರ್ಣಗಳು ಆರೋಗ್ಯಕ್ಕೆ ಹಾನಿಕರವೆಂದು 1994ರಲ್ಲಿ ಜರ್ಮನಿ ನಿಷೇಧಿಸಿದಾಗ ಭಾರತದ ವರ್ಣೋದ್ಯಮ ತತ್ತರಿಸಿತು. 1984ರ ಭೋಪಾಲ ದುರಂತ ಎಲ್ಲರ ನೆನಪಿನಲ್ಲಿದೆ. ಕೈಗಾರಿಕೆಯ ಯಶಸ್ಸಿನಲ್ಲಿ ತನ್ನ ಪಾಲನ್ನು ಕೇಳುವ ವಿದ್ಯಾಸಂಸ್ಥೆ ಅದರ ಕಶ್ಮಲದಲ್ಲಿಯೂ ಒಂದಿಷ್ಟು ಪಾಲನ್ನು ಒಪ್ಪಿಕೊಳ್ಳಬೇಡವೇ? ಅನಿಲಗಳ ಹೀರಿಕೆಯನ್ನು ಕುರಿತು ಮಾಟುಂಗಾದಲ್ಲಿ ನಡೆದ ಸಂಶೋಧನೆ ವಿಷಾನಿಲಗಳನ್ನು ತೊಳೆಯುವ ಗೋಪುರಗಳಿಗೂ ಆಧಾರವಾಗತಕ್ಕದ್ದು. ಹಸಿರು ರಸಾಯನದ ಅಭ್ಯಾಸವೂ ಅಲ್ಲಿ ಮುಂದುವರಿದಿದೆ. ಅದು ಜಮೆಯ ಪಕ್ಷ. ಖರ್ಚಿನ ಪಕ್ಷವನ್ನೂ ಬರೆದಿಡುವ ಮೌಲ್ಯಮಾಪನ ಮಾತ್ರ ಪ್ರಾಮಾಣಿಕವೆನಿಸೀತು.

ವಿಭಾಗ 2002ರಲ್ಲಿ ವಿಶ್ವವಿದ್ಯಾನಿಲಯದ ಸಂಸ್ಥೆಯೆಂಬ ಹೆಸರನ್ನು ಪಡೆದು, 2008ರಲ್ಲಿ ಸ್ವತಂತ್ರವಾಗಿ ವಿಶ್ವವಿದ್ಯಾನಿಲಯಸಮಾನ ಪದವಿಗೇರಿತು. 2016ರಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಪ್ರಕಟಿಸಿದ ರಾಷ್ಟ್ರೀಯ ಶ್ರೇಯಾಂಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಥಮ, ಮಾಟುಂಗಾದ ಸಂಸ್ಥೆ ದ್ವಿತೀಯ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ ತೃತೀಯ. ಬೋಧನೆ, ಸಂಶೋಧನೆ, ಪದವೀಧರರ ಸಾಧನೆ, ಸಮಾಜವ್ಯಾಪ್ತಿ, ಜನಾಭಿಪ್ರಾಯ ಎಂದು ಹಂಚಿದ ನೂರರ ತಕ್ಕಡಿ ಅದು. ಒಂದೇ ವಿದ್ಯೆಯನ್ನು ಸಾಧಿಸುವ ಸಂಸ್ಥೆಯನ್ನೂ ಇತಿಹಾಸ, ಭಾಷೆ, ರಾಜ್ಯಶಾಸ್ತ್ರಗಳನ್ನು ಕಲಿಸುವ ವಿಶ್ವವಿದ್ಯಾನಿಲಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಒಂದು ಮೇಲು, ಒಂದು ಕೆಳಗು ಎನ್ನುವುದರಿಂದ ಎರಡರ ವಿಷಯದಲ್ಲಿಯೂ ಏನೂ ತಿಳಿಯುವುದಿಲ್ಲ. ಶ್ರೇಷ್ಠ ವಿಭಾಗವೊಂದು ಬೇರ್ಪಟ್ಟು ಹೋದಾಗ ಮಾತೃಸಂಸ್ಥೆ ಕಳೆದುಕೊಂಡುದೇನು ಎಂಬ ಪ್ರಶ್ನೆಯನ್ನಂತೂ ಯಾವ ಶ್ರೇಯಾಂಕವೂ ಕೇಳಿಲ್ಲ. 2018ರಲ್ಲಿ ಭುವನೇಶ್ವರ ಮತ್ತು ಜಾಲನಾಗಳಲ್ಲಿ ತೆರೆದ ಹೊಸ ಶಾಖೆಗಳಲ್ಲಿ ಗುರುಪರಂಪರೆಯ ಸತ್ತ್ವ ಇಳಿದೀತೇ, ಇಲ್ಲ ಹೆಸರು ಮಾತ್ರವೇ ಎಂಬುದನ್ನು ಕಾಲವೇ ನಿರ್ಣಯಿಸಬೇಕು.

ಹಾಗಾದರೆ ಅಳೆಯುವುದೇ ಬೇಡವೇ? ಬೇಕು, ಸಾರ್ವಜನಿಕರ ಹಣದಿಂದ ನಡೆಯುವ ವಿಭಾಗ ಲೆಕ್ಕ ಒಪ್ಪಿಸಲೇಬೇಕು. ಪರೀಕ್ಷೆಯೇ ಬೇಡವೆಂಬ ವಾದ ಸೋಮಾರಿಗೆ ಆಶ್ರಯ ಕೊಡುತ್ತದೆ. ಆದರೆ ಅಳತೆಯ ಕ್ರಮ ಬೇರೆಯಾಗಬೇಕು. ಮೊದಲನೆಯದಾಗಿ, ವರ್ಷದ ಲೆಕ್ಕಕ್ಕಿಂತ ದಶಕದ ಲೆಕ್ಕ ಮುಖ್ಯವಾಗಬೇಕು. ಎರಡನೆಯದಾಗಿ, ಪ್ರತಿ ಅಧ್ಯಾಪಕನ ಎರಡು ಮೂರು ಉತ್ತಮ ಕೃತಿಗಳನ್ನು ಬಲ್ಲವರು ನಿಜವಾಗಿಯೂ ಓದಬೇಕು. ಕೃತಿಯನ್ನು ಅದು ಅಚ್ಚಾದ ಪತ್ರಿಕೆಯ ಅಂಕದಿಂದ ಅಳೆಯಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯೂ ಸಾರಿದೆ. ಮೂರನೆಯದಾಗಿ, ಹತ್ತು ವರ್ಷಗಳ ಹಿಂದೆ ಹೊರಬಿದ್ದ ಸಾಮಾನ್ಯ ವಿದ್ಯಾರ್ಥಿಯನ್ನು, ಅಂದರೆ ಕೀರ್ತಿವಂತನಲ್ಲದವನನ್ನು, ಆ ಕಲಿಕೆಯಲ್ಲಿ ಯಾವುದು ಉಳಿದು ಉಪಯೋಗಕ್ಕೆ ಬಂತೆಂದು ಕೇಳಬೇಕು. ನಾಲ್ಕನೆಯದಾಗಿ, ಸುತ್ತಲಿನ ನೆಲ ಜಲಗಳಿಗೆ ಆ ವಿದ್ಯೆಯಿಂದ ಆದುದೇನೆಂಬುದನ್ನು ಬರೆದಿಡಬೇಕು.

ಕನ್ನಡನಾಡಿಗೆ ಇದು ದೂರದ ಚರ್ಚೆಯಲ್ಲ. 1998ರಲ್ಲಿ ಬೆಳಗಾವಿಯಲ್ಲಿ ಕೇಂದ್ರವಿರುವ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ವಿಶ್ವೇಶ್ವರಯ್ಯನವರ ಹೆಸರನ್ನೇ ಇಡಲಾಗಿದೆ. ಅದರಡಿಯ ಅನೇಕ ಕಾಲೇಜುಗಳ ಬೆಲೆಯನ್ನು ಇಂದು ಪ್ರಬಂಧಗಳ ಸಂಖ್ಯೆಯಿಂದಲೂ ಉದ್ಯೋಗ ದೊರೆತವರ ಸಂಖ್ಯೆಯಿಂದಲೂ ಕಟ್ಟಲಾಗುತ್ತಿದೆ. ಆ ಮಹನೀಯರು ಭಾಗವಹಿಸಿದ್ದ ಮುಂಬಯಿಯ ಸಮಿತಿಯ ಚಿಂತನೆ ಫಲಿಸಲು 1921ರಿಂದ 1933ರವರೆಗೆ 12 ವರ್ಷ ಹಿಡಿಯಿತು. ಆ ಫಲ ಪಕ್ವವಾಗಲು ಇನ್ನೂ ಎರಡು ದಶಕಗಳು ಬೇಕಾದವು. ನೆಟ್ಟ ಮರುವರ್ಷವೇ ತೆಂಗಿನಮರವನ್ನು ಎಳನೀರಿಗಾಗಿ ಅಲುಗಿಸುವವರು ಕಡೆಗೆ ಬೇರನ್ನೇ ಸಡಿಲಿಸುತ್ತಾರೆ. ಮಾಟುಂಗಾದ ವಿಭಾಗದ ಚರಿತ್ರೆಯಿಂದ ಕಲಿಯಬೇಕಾದ ಪಾಠಗಳಲ್ಲಿ ಇದು ಮೊದಲನೆಯದು.