ಸ್ಯಾಂಡ್‌ಪೇಪರಿನ ಬೆನ್ನು

ಉದ್ಯಾವರದ ಹೆದ್ದಾರಿ ಬದಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಯಾಂಡ್‌ಪೇಪರಿನ ವ್ಯಾಪಾರ ಒಂದೇ ಮಾತಿಗೆ ಮುಗಿಯುತ್ತದೆ. ‘80 ನಂಬ್ರದ್ದು ನಾಲ್ಕು ಕೊಡಿ.’ ಕಟ್ಟಿನಿಂದ ನಾಲ್ಕು ಹಾಳೆ ಕೌಂಟರಿಗೆ ಬರುತ್ತವೆ, ಗಿರಾಕಿ ಸುರುಳಿ ಸುತ್ತಿ ಬೈಕಿನ ಡಿಕ್ಕಿಗೆ ಹಾಕಿಕೊಂಡು ಹೊರಡುತ್ತಾನೆ. ಹಾಳೆಯ ಬೆನ್ನು ಎಷ್ಟು ದಪ್ಪ, ಹರಳನ್ನು ಹಿಡಿದಿರುವ ಅಂಟು ಯಾವುದು ಎಂದು ಯಾರೂ ಕೇಳುವುದಿಲ್ಲ. ಕೈಯಲ್ಲಿ ಉಜ್ಜುವಾಗ ಇಷ್ಟು ಸಾಕಾಗುತ್ತಿತ್ತು. ಈಗ ಆಚಾರ್ಯರ ಕೈಯಲ್ಲೂ, ತನ್ನ ಮನೆ ಬಾಗಿಲಿಗೆ ತಾನೇ ಪಾಲಿಶ್ ಹೊಡೆಯಲು ಹೊರಟ ಹವ್ಯಾಸಿಯ ಕೈಯಲ್ಲೂ ನಿಮಿಷಕ್ಕೆ ಸುಮಾರು 12,000 ಸಲ ಸುತ್ತುವ ಮಿಶಿನ್ ಇದೆ. ಅದಕ್ಕೆ ಹಾಕುವ ಪೇಪರನ್ನು ಮೊದಲು ತಿರುಗಿಸಿ ಬೆನ್ನು ನೋಡಬೇಕು.

ಬೆನ್ನಿನ ಮೇಲೆ ಅಚ್ಚಾಗಿರುವ ಅಕ್ಷರಗಳೇ ಅರ್ಧ ಕತೆ ಹೇಳುತ್ತವೆ. ನಂಬ್ರದ ಹಿಂದೆ ‘ಪಿ’ ಅಕ್ಷರವಿದ್ದರೆ ಅದು ಯುರೋಪಿನ ಅಳತೆ. ಪಿ-80ರ ಹರಳು ಸರಾಸರಿ 201 ಮೈಕ್ರಾನ್, ಪಿ-120ರದು 125, ಪಿ-240ರದು 58.5. ‘ಪಿ’ ಇಲ್ಲದ ಅಮೆರಿಕದ ಅಳತೆಯ ಪೇಪರೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಒರಟು ನಂಬ್ರಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ನುಣುಪಿನ ಕಡೆಗೆ ಹೋದಂತೆ ದಾರಿ ಬೇರೆಯಾಗುತ್ತದೆ. ಅಮೆರಿಕದ 400 ಎಂದರೆ ಸುಮಾರು ಪಿ-800ರಷ್ಟು ನುಣುಪು. ಎರಡು ಬಗೆಯ 400ನ್ನು ಒಂದೇ ಕಪಾಟಿನಲ್ಲಿ ಕಲೆಸಿಟ್ಟವರಿಗೆ ಒಂದೇ ಬಾಗಿಲಿನ ಎರಡು ಹಲಗೆಯಲ್ಲಿ ಎರಡು ಬಗೆಯ ಹೊಳಪು ಬರುವುದು ಇದೇ ಕಾರಣಕ್ಕೆ.

ಇನ್ನೊಂದು ಅಕ್ಷರ ಕಾಗದದ ತೂಕದ್ದು. ‘ಎ’ ಎಂದರೆ ತೆಳು, ಚದರ ಮೀಟರಿಗೆ 70 ಗ್ರಾಂ ಆಸುಪಾಸು. ‘ಸಿ’ ಸುಮಾರು 120 ಗ್ರಾಂ, ‘ಇ’ 220 ಗ್ರಾಂ ದಾಟುತ್ತದೆ. 230 × 280 ಮಿಲಿಮೀಟರಿನ ಹಾಳೆಯನ್ನು ನಾಲ್ಕು ತುಂಡು ಮಾಡಿ ಕ್ಲಿಪ್ಪಿಗೆ ಸಿಕ್ಕಿಸುವ ಚಿಕ್ಕ ಆರ್ಬಿಟಲ್ ಮಿಶಿನಿಗೆ ‘ಎ’ ಹಾಳೆ ಹಾಕಿದರೆ ಕ್ಲಿಪ್ಪಿನ ಬಾಯಲ್ಲೇ ಹರಿಯುತ್ತದೆ. ಅಲ್ಲಿಗೆ ‘ಸಿ’ ಅಥವಾ ‘ಡಿ’ ಬೇಕು. ಬೆಲ್ಟ್ ಸ್ಯಾಂಡರಿಗೆ ಕಾಗದ ಬೇಡವೇ ಬೇಡ, ‘ಎಕ್ಸ್’ ಗುರುತಿನ ಗಟ್ಟಿ ಬಟ್ಟೆ ಬೇಕು.

ತೂಕಕ್ಕಿಂತ ಮುಖ್ಯ ಅಂಟು. ಅಗ್ಗದ ಹಾಳೆಗಳಲ್ಲಿ ಇಂದಿಗೂ ಪ್ರಾಣಿಜನ್ಯ ಸರೇಸು ಇರುತ್ತದೆ. ಮಿಶಿನಿನ ಬಿಸಿಗೂ ಮಳೆಗಾಲದ ತೇವಕ್ಕೂ ಅದು ಮೆದುವಾಗುತ್ತದೆ, ಹರಳು ಸವೆಯುವ ಮೊದಲೇ ಉದುರುತ್ತದೆ. ‘ರೆಸಿನ್ ಬಾಂಡ್’ ಎಂದು ಬೆನ್ನಿನ ಮೇಲೆ ಬರೆದಿರುವುದನ್ನೇ ಕೇಳಿ ಪಡೆಯಬೇಕು. ಹೊರದೇಶದ ಮಾಲನ್ನೇ ಹುಡುಕಬೇಕೆಂದಿಲ್ಲ. 1941ರಲ್ಲಿ ಶುರುವಾದ ಗ್ರೈಂಡ್‌ವೆಲ್ ನಾರ್ಟನ್, 1954ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಕಾರ್ಬೊರಂಡಮ್ ಯೂನಿವರ್ಸಲ್ ಇವೆರಡೂ ಈ ಕೆಲಸದಲ್ಲಿ ಪಳಗಿದ ಕಂಪನಿಗಳು.

ಮುಖ ಎಷ್ಟೇ ಚೆಂದವಿದ್ದರೂ ಹಿಡಿತವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ತ್ರೀ-ಎಂ ಕಂಪನಿಯದು. 1914ರಲ್ಲಿ ಅವರ ಸ್ಯಾಂಡ್‌ಪೇಪರಿನಿಂದ ಹರಳು ಸುಮ್ಮನೆ ಕಳಚಿ ಬೀಳತೊಡಗಿತು. ಗಿರಾಕಿಗಳು ಸಿಟ್ಟಾದರು, ಕಾರ್ಖಾನೆಯಲ್ಲಿ ಯಾರಿಗೂ ಕಾರಣ ತಿಳಿಯಲಿಲ್ಲ. ಕೊನೆಗೆ ಹರಳನ್ನು ನೀರಿಗೆ ಹಾಕಿದಾಗ ಮೇಲೆ ಎಣ್ಣೆ ತೇಲಿತು. ಸ್ಪೇನಿನಿಂದ ಗಾರ್ನೆಟ್ ತಂದ ಹಡಗು ಬಿರುಗಾಳಿಗೆ ಸಿಕ್ಕಿ, ಅದರಲ್ಲಿದ್ದ ಆಲಿವ್ ಎಣ್ಣೆಯ ಪೀಪಾಯಿಗಳು ಒಡೆದು ಚೀಲಗಳ ಮೇಲೆ ಸುರಿದಿದ್ದವು. ಎಣ್ಣೆ ಕುಡಿದ ಹರಳಿಗೆ ಅಂಟು ಕೂರಲಿಲ್ಲ. ಹರಳನ್ನು ಹುರಿದು ಎಣ್ಣೆ ತೆಗೆದು ಅಷ್ಟಿಷ್ಟು ಉಳಿಸಿಕೊಂಡರು. ಎರಡು ವರ್ಷದೊಳಗೆ ಕಂಪನಿ ತನ್ನ ಮೊದಲ ಪ್ರಯೋಗಾಲಯ ತೆರೆಯಿತು. ಪಾಲಿಶ್ ಡಬ್ಬಿ, ಗ್ರೀಸ್ ಮತ್ತು ಹೊಸ ಡಿಸ್ಕ್‌ಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಓಡಾಡುವವರು ಈ ಕತೆಯನ್ನು ನೆನಪಿಟ್ಟುಕೊಳ್ಳಬೇಕು: ಎಣ್ಣೆ ಬಿದ್ದ ಪೇಪರ್ ಮರಕ್ಕೂ ಕಲೆ ಹತ್ತಿಸುತ್ತದೆ.

ಯಾವ ಹರಳು ಎಂಬುದನ್ನು ಮರ ನಿರ್ಧರಿಸುತ್ತದೆ. ಬರಿಯ ಮರಕ್ಕೆ ಕಂದು ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಸಾಕು. ಹಲಸಿನ ಅಂಟು, ತೇಗದ ಎಣ್ಣೆ ಎರಡೂ ಹರಳಿನ ಸಂದಿಯಲ್ಲಿ ಧೂಳನ್ನು ಮೆತ್ತಿಬಿಡುತ್ತವೆ. ಆದ್ದರಿಂದ ಹರಳನ್ನು ದೂರದೂರ ಬಿತ್ತಿದ ‘ಓಪನ್ ಕೋಟ್’ ಹಾಳೆ ಒಳ್ಳೆಯದು. ಇದರಲ್ಲಿ ಮೇಲ್ಮೈಯ 50ರಿಂದ 70 ಶೇಕಡಾ ಮಾತ್ರ ಹರಳು, ಉಳಿದದ್ದು ಧೂಳು ಹೊರಬೀಳುವ ಜಾಗ. ಪಾಲಿಶಿನ ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಉಜ್ಜಲು ಬಿಳಿ ಪುಡಿ ಸವರಿದಂತೆ ಕಾಣುವ ಸ್ಟಿಯರೇಟ್ ಪೇಪರ್, 320 ಅಥವಾ 400. ಬರಿಯ ಮರದ ಮೇಲೆ 80, 120, 180 ಎಂದು ಹತ್ತಿ 180 ಅಥವಾ 220ಕ್ಕೆ ನಿಲ್ಲಿಸುವುದು ಲೇಸು. ಅದನ್ನು ದಾಟಿದರೆ ಮರದ ರಂಧ್ರ ಮುಚ್ಚಿ ಬಣ್ಣ ಒಳಗಿಳಿಯುವುದಿಲ್ಲ.

ಕಪ್ಪು ಹರಳಿನ ವಾಟರ್ ಪೇಪರಿನ ನಿಜವಾದ ನೆಲೆ ಮಲ್ಪೆ. ಉದ್ಯಾವರ ಹೊಳೆ ಕಡಲು ಸೇರುವ ಆ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ರಿಪೇರಿ, ಬಣ್ಣ, ಫೈಬರ್ ಕೋಟಿಂಗ್‌ಗೆ ಬಿಡುವು ಸಿಗುವುದು ಆಗಲೇ. ಫೈಬರ್ ಮತ್ತು ಹಳೆ ಬಣ್ಣಕ್ಕೆ ಸಿಲಿಕಾನ್ ಕಾರ್ಬೈಡ್‌ನ ಚೂಪು ಚೆನ್ನಾಗಿ ಹೊಂದುತ್ತದೆ, ಬೆನ್ನು ನೀರಿಗೆ ಜಗ್ಗದಂತೆ ಪಳಗಿಸಿದ್ದು. ಆದರೆ ಅದನ್ನೇ ಒಣ ಮಿಶಿನಿಗೆ ಹಾಕಿ ಹೆಬ್ಬಲಸಿನ ಹಲಗೆ ಉಜ್ಜಿದರೆ ಹರಳು ಬೇಗ ಮುರಿದು ಮೊಂಡಾಗುತ್ತದೆ. ನೀರು ಹಾಕಿ ಉಜ್ಜುವುದಂತೂ ಕೈಯ ಕೆಲಸ, ಕರೆಂಟಿನ ಮಿಶಿನಿಗೆ ನೀರು ಮುಟ್ಟಿಸಬಾರದು.

ಮಿಶಿನನ್ನೇ ದೂರವಿಡಬೇಕಾದ ಕಡೆಗಳೂ ಇವೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ಜೋಡಿಸಿದ ಮನೆಗಳಿವೆ, ಕಾಪು ಕಡೆಯ ಕುಂಜೂರಿನ ಚೌಕಿಮನೆಯೂ ಅಲ್ಲಿದೆ. ಅಂಥ ಮನೆಗಳ ಕಂಬದ ಮೇಲೆ ಉಳಿಯ ಗುರುತು ಇನ್ನೂ ಇರುತ್ತದೆ. ಅದರ ಮೇಲೆ 80 ನಂಬ್ರದ ಡಿಸ್ಕ್ ಒಂದು ನಿಮಿಷ ಓಡಿದರೂ ಆ ಕೈಬರಹ ಅಳಿದುಹೋಗುತ್ತದೆ, ಮತ್ತೆ ಬರುವುದಿಲ್ಲ. ಪಶ್ಚಿಮ ಘಟ್ಟದ ಊರುಗಳಲ್ಲಿ ಹಿಂದೆ ಗರಗತ್ತಿಯ ಒರಟು ಎಲೆಯಿಂದ ಮರ ಉಜ್ಜುತ್ತಿದ್ದರು. ಕೆತ್ತನೆಗೆ ಇಂದಿಗೂ ಅಷ್ಟೇ ಮೃದುವಾದ ಕೈ ಬೇಕು.

ಇನ್ನು ಕಾಪಿಡುವ ಮಾತು. ಪೇಪರನ್ನು 18ರಿಂದ 22 ಡಿಗ್ರಿ ಉಷ್ಣತೆಯಲ್ಲಿ, 45ರಿಂದ 65 ಶೇಕಡಾ ಆರ್ದ್ರತೆಯಲ್ಲಿ ಇಡಬೇಕೆಂದು ತಯಾರಕರ ಸಲಹೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗಾಳಿಯೇ ಸಿಗದು. ತೇವ ಕುಡಿಯುವುದು ಬೆನ್ನು. ಹರಳು ಮತ್ತು ರೆಸಿನ್ ಕುಡಿಯುವುದಿಲ್ಲ. ಬೆನ್ನು ಹಿಗ್ಗುತ್ತದೆ, ಮುಖ ಹಿಗ್ಗುವುದಿಲ್ಲ, ಹಾಳೆ ಹರಳನ್ನು ಒಳಗೆ ಮಾಡಿಕೊಂಡು ಬಾಗುತ್ತದೆ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಒಣಗಿದರೆ ಬೆನ್ನು ಕುಗ್ಗಿ ಎದುರು ದಿಕ್ಕಿಗೆ ಬಾಗುತ್ತದೆ. ಬಾಗಿದ ಡಿಸ್ಕ್ ಪ್ಯಾಡಿಗೆ ಸರಿಯಾಗಿ ಕೂರದು. ಅಂಚು ಮಾತ್ರ ಮರಕ್ಕೆ ತಾಗಿ ಗೀರು ಬೀಳುತ್ತದೆ.

ಮನೆಯಲ್ಲಿ ಹಪ್ಪಳಕ್ಕೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಬಹುದು: ಬಿಗಿ ಮುಚ್ಚಳದ ಡಬ್ಬಿ, ಮಲಗಿಸಿದ ಹಾಳೆ, ಮೇಲೊಂದು ಪ್ಲೈವುಡ್ ತುಂಡಿನ ಭಾರ, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಡಬ್ಬಿಯನ್ನು ಸಿಮೆಂಟ್ ನೆಲಕ್ಕೂ ಹೊರಗೋಡೆಗೂ ತಾಗಿಸದೆ ಹಲಗೆಯ ಮೇಲಿಡಬೇಕು. ಹೆಚ್ಚು ಮಾಲು ಇರುವ ಕಾರ್ಯಾಗಾರಕ್ಕೆ ಕಪಾಟಿನೊಳಗೆ ಉರಿಯುವ ಹಳೆಯ ಕಾಲದ 15 ವ್ಯಾಟ್ ಬಲ್ಬ್ ಒಳ್ಳೆಯ ಉಪಾಯ, ಆದರೆ ಬಲ್ಬಿಗೂ ಪೇಪರಿಗೂ ನಡುವೆ ಒಂದು ಗೇಣಾದರೂ ಅಂತರ ಇರಲಿ. 26 ಡಿಗ್ರಿಯ, 90 ಶೇಕಡಾ ಆರ್ದ್ರತೆಯ ಗಾಳಿಯನ್ನು 32 ಡಿಗ್ರಿಗೆ ಏರಿಸಿದರೆ ಆರ್ದ್ರತೆ 64 ಶೇಕಡಾಕ್ಕೆ ಇಳಿಯುತ್ತದೆ. ಎಲ್‌ಇಡಿ ಬಲ್ಬಿನಿಂದ ಅಷ್ಟು ಬಿಸಿ ಸಿಗದು.

ಒಂದೊಂದು ನಂಬ್ರಕ್ಕೂ ಬೇರೆ ಲಕೋಟೆ ಇರಲಿ. 60 ನಂಬ್ರದಿಂದ ಉದುರಿದ ಒಂದೇ ಒಂದು ಹರಳು 240ರ ಡಿಸ್ಕಿಗೆ ಅಂಟಿಕೊಂಡರೆ ಮರದ ಮೇಲೆ ಸುರುಳಿ ಸುರುಳಿ ಗೀರು ಮೂಡುತ್ತದೆ, ಪಾಲಿಶ್ ಬಿದ್ದ ಮೇಲೆಯೇ ಅದು ಕಣ್ಣಿಗೆ ಕಾಣುವುದು. ವೆಲ್ಕ್ರೋ ಡಿಸ್ಕ್ ಕೊಳ್ಳುವಾಗ ತೂತುಗಳನ್ನು ಎಣಿಸಿ ಪ್ಯಾಡಿಗೆ ಹೋಲಿಸಬೇಕು. ತೂತು ತಪ್ಪಿದರೆ ಧೂಳು ಚೀಲಕ್ಕೆ ಹೋಗದೆ ಪ್ಯಾಡಿನಡಿಯಲ್ಲೇ ಸುತ್ತುತ್ತದೆ, ಉಳಿದದ್ದು ಶ್ವಾಸಕೋಶಕ್ಕೆ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ಬೆಲ್ಟ್‌ಗಳನ್ನು ಮೊಳೆಗೆ ತೂಗುಹಾಕುವ ಅಭ್ಯಾಸ ಬಿಡಬೇಕು, ಮೊಳೆ ತಾಗಿದ ಕಡೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ದಪ್ಪ ಪಿವಿಸಿ ಪೈಪಿನ ತುಂಡನ್ನು ಗೋಡೆಗೆ ಕೂರಿಸಿ ಅದರ ಮೇಲೆ ತೂಗಬಹುದು. ಬೆಲ್ಟಿನ ಮೊದಲು ಸೋಲುವ ಜಾಗ ಅದರ ಜೋಡಣೆ. ಟೇಪು ಹಾಕಿ ಕೂಡಿಸಿದ ಜೋಡಣೆ ತೇವದಲ್ಲಿ ಒಂದೆರಡು ಮಳೆಗಾಲ ಕಳೆದರೆ ಸಡಿಲವಾಗುತ್ತದೆ. ಆದ್ದರಿಂದ ಒಂದು ಹಂಗಾಮಿಗೆ ಬೇಕಾದಷ್ಟೇ ಕೊಳ್ಳುವುದು, ಮಿಶಿನಿಗೆ ಏರಿಸುವ ಮೊದಲು ಜೋಡಣೆಯನ್ನು ಎರಡೂ ಕೈಯಲ್ಲಿ ಬಗ್ಗಿಸಿ ನೋಡುವುದು ಒಳ್ಳೆಯದು. ಬಿಟ್ಟುಕೊಳ್ಳುವಂತೆ ಕಂಡರೆ ಅದನ್ನು ಓಡಿಸಬಾರದು. ಉದ್ದುದ್ದ ಪಟ್ಟಿಯಾಗಿ ಕತ್ತರಿಸಿದರೆ ಕುರ್ಚಿಯ ಕಡೆದ ಕಾಲು ಉಜ್ಜಲು ಅಷ್ಟು ಗಟ್ಟಿ ಬಟ್ಟೆ ಬೇರೆಲ್ಲೂ ಸಿಗದು.